ಓದುಗರಿಗೆ ಮಾತ್ರ ಗೊತ್ತಿರುವ ಗುಟ್ಟು

ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ ಎಂಬ ಚಿತ್ರಪುಸ್ತಕದಲ್ಲಿ ಇರುವುದು ಇಂಗ್ಲಿಷಿನ 32 ಪದ, ಒಂದೇ ವಾಕ್ಯ. ರೋಸಿ ಎಂಬ ಹೇಂಟೆ ಗೂಡಿನಿಂದ ಇಳಿದು ಅಂಗಳ ದಾಟುತ್ತದೆ, ಕೊಳ ಬಳಸುತ್ತದೆ, ಹುಲ್ಲಿನ ಬಣವೆ ಹತ್ತಿ ಇಳಿಯುತ್ತದೆ, ಗಿರಣಿ, ಬೇಲಿ, ಜೇನುಪೆಟ್ಟಿಗೆಗಳನ್ನೆಲ್ಲ ಹಾದು ಊಟದ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತದೆ. ಮಾತು ಹೇಳುವುದು ಇಷ್ಟನ್ನೇ. ಚಿತ್ರದಲ್ಲಿ ಮಾತ್ರ ಒಂದು ನರಿ ಮೊದಲಿನಿಂದಲೂ ಅದರ ಬೆನ್ನು ಹತ್ತಿದೆ. ಒಮ್ಮೆ ನೆಗೆದರೆ ಹುಲ್ಲು ಬಾಚುವ ರೇಕಿನ ಹಿಡಿ ಎದ್ದು ಮೂತಿಗೆ ಬಡಿಯುತ್ತದೆ, ಇನ್ನೊಮ್ಮೆ ನೆಗೆದರೆ ಕೊಳಕ್ಕೆ ಬೀಳುತ್ತದೆ, ಬಣವೆಯಲ್ಲಿ ಹೂತುಹೋಗುತ್ತದೆ, ಗಿರಣಿಯ ಹಿಟ್ಟು ಮೈಮೇಲೆ ಸುರಿಯುತ್ತದೆ, ಕಡೆಗೆ ಜೇನುಹುಳಗಳು ಅದನ್ನು ಗುಡ್ಡದಾಚೆಗೆ ಅಟ್ಟುತ್ತವೆ. ನರಿಯ ಹೆಸರು ಬರಹದಲ್ಲಿ ಒಮ್ಮೆಯೂ ಬರುವುದಿಲ್ಲ. ಹೇಂಟೆ ಒಮ್ಮೆಯೂ ತಿರುಗಿ ನೋಡುವುದಿಲ್ಲ.

1968ರಲ್ಲಿ ಬಂದ ಇದು ಹಚಿನ್ಸ್ ಅವರ ಮೊದಲ ಪುಸ್ತಕ. ಚಿಕ್ಕ ಮಕ್ಕಳಿಗೆಂದು ಮಾಡಿದ್ದು ನಿಜ. ಆದರೆ ಇದರ ಕಟ್ಟೋಣವನ್ನು ನಿಧಾನವಾಗಿ ಗಮನಿಸಿ. ನರಿ ನೆಗೆಯುವ ಪುಟದಲ್ಲಿ ಮಾತಿದೆ. ಅದು ಬೀಳುವ ಪುಟದಲ್ಲಿ ಮಾತಿಲ್ಲ. ನೆಗೆಯುವ ಪುಟದಲ್ಲೇ ಅದನ್ನು ಕೆಡಹುವ ವಸ್ತುವೂ ಒಂದು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕಣ್ಣಿಟ್ಟು ನೋಡಿದವರಿಗೆ ಮುಂದೇನಾಗುತ್ತದೆಂದು ಹೊಳೆಯುತ್ತದೆ, ಪುಟ ತಿರುಗಿಸುವ ಆ ಒಂದು ಕ್ಷಣ ಕೈಯಲ್ಲಿ ಉಳಿಯುತ್ತದೆ. ಹೇಂಟೆಗೆ ನರಿ ಇರುವುದು ಗೊತ್ತಿಲ್ಲ, ನರಿಗೆ ರೇಕ್ ಇರುವುದು ಗೊತ್ತಿಲ್ಲ. ಎರಡೂ ಗೊತ್ತಿರುವುದು ಓದುವವರಿಗೆ ಮಾತ್ರ.

ದೊಡ್ಡವರಾದ ಮೇಲೂ ಮಕ್ಕಳ ಚಿತ್ರಪುಸ್ತಕಗಳನ್ನೂ ನಗೆಯ ಪ್ರೇಮಕಾದಂಬರಿಗಳನ್ನೂ ಕೇವಲ ಖುಷಿಗಾಗಿ ಓದುವ ನನ್ನಂಥವರು ಬಹಳ ಮಂದಿ ಇದ್ದಾರೆ. ಇವೆರಡನ್ನೂ ‘ಹಗುರ ಓದು’ ಎಂದು ಒಂದೇ ಮೂಟೆಗೆ ಕಟ್ಟುವುದು ರೂಢಿ. ಒಟ್ಟಿಗೆ ಇಡುವುದು ಸರಿಯೇ. ಕಾರಣ ಮಾತ್ರ ಬೇರೆ. ಕಥೆಯೊಳಗಿನವರಿಗೆ ಇನ್ನೂ ತಿಳಿಯದ್ದನ್ನು ಓದುಗರಿಗೆ ಮೊದಲೇ ತಿಳಿಸಿ, ಅವರು ಅದನ್ನು ಕಂಡುಕೊಳ್ಳುವವರೆಗೆ ನಮ್ಮನ್ನು ಉಸಿರು ಹಿಡಿದು ಕೂರಿಸುವ ಕಲೆ ಎರಡರಲ್ಲೂ ಒಂದೇ. ಅದು ಹಗುರವಾದ ಕಲೆಯಲ್ಲ.

ಜಾನ್ ಕ್ಲಾಸೆನ್ ಅವರ ‘ದಿಸ್ ಈಸ್ ನಾಟ್ ಮೈ ಹ್ಯಾಟ್’ (2012) ಈ ಕಲೆಯನ್ನು ಇನ್ನೂ ಹರಿತಗೊಳಿಸುತ್ತದೆ. ಇಲ್ಲಿ ಕಥೆ ಹೇಳುತ್ತಿರುವುದು ಒಂದು ಪುಟ್ಟ ಮೀನು. ಮಲಗಿದ್ದ ದೊಡ್ಡ ಮೀನಿನ ಟೋಪಿಯನ್ನು ಕದ್ದು ಓಡುತ್ತಿದೆ, ಓಡುತ್ತಲೇ ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದೆ. ಅದಕ್ಕೆ ಬೇಗ ಎಚ್ಚರವಾಗದು ಎನ್ನುತ್ತದೆ. ಚಿತ್ರದಲ್ಲಿ ದೊಡ್ಡ ಮೀನಿನ ಕಣ್ಣು ತೆರೆದಿದೆ. ಟೋಪಿ ಹೋದದ್ದು ಅದಕ್ಕೆ ತಿಳಿಯದು ಎನ್ನುತ್ತದೆ. ಆ ಕಣ್ಣು ಮೇಲಕ್ಕೆ, ಟೋಪಿ ಇರಬೇಕಾದ ಜಾಗಕ್ಕೆ ಹೊರಳಿದೆ. ದಾರಿಯಲ್ಲಿ ಕಂಡ ಏಡಿ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಿದೆಯಂತೆ. ಚಿತ್ರದಲ್ಲಿ ಏಡಿ ಕೊಂಡಿ ಚಾಚಿ ದಾರಿ ತೋರಿಸುತ್ತಿದೆ. ಎರಡು ಮೀನೂ ನೀರುಗಿಡಗಳ ದಟ್ಟಣೆಯೊಳಗೆ ಹೊಕ್ಕ ಮೇಲೆ ಮಾತು ನಿಂತೇಹೋಗುತ್ತದೆ. ಹೊರಗೆ ಬರುವುದು ದೊಡ್ಡ ಮೀನು, ತಲೆಯ ಮೇಲೆ ಟೋಪಿ. ಒಳಗೆ ಏನಾಯಿತೆಂದು ಕ್ಲಾಸೆನ್ ಹೇಳುವುದೂ ಇಲ್ಲ, ಬಿಡಿಸುವುದೂ ಇಲ್ಲ. ಅಮೆರಿಕದ ಕಾಲ್ಡೆಕಾಟ್ ಮತ್ತು ಬ್ರಿಟನ್ನಿನ ಗ್ರೀನವೇ ಪದಕಗಳೆರಡೂ ಸಿಕ್ಕ ಮೊದಲ ಪುಸ್ತಕ ಇದು. ಬಹುಮಾನಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಒಂದು ಕಣ್ಣಿನ ಗೆರೆಯನ್ನು ಅರೆಬೆರಳಷ್ಟು ಸರಿಸಿ ಒಂದು ಪಾತ್ರದ ಮನಸ್ಸನ್ನೇ ತೋರಿಸುವ ಕೈಚಳಕ. ಇದನ್ನು ಎರಡು ನಿಮಿಷದಲ್ಲಿ ಮುಗಿಸಬಹುದು. ಹಾಗೆ ಮುಗಿಸಿದವರು ಮಾತನ್ನು ಓದಿರುತ್ತಾರೆ, ಪುಸ್ತಕವನ್ನಲ್ಲ.

ಓದು ಬಲ್ಲವರಿಗೇ ಚಿತ್ರಪುಸ್ತಕ ಕಷ್ಟ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಅಕ್ಷರ ಕಂಡ ಕೂಡಲೇ ನಮ್ಮ ಕಣ್ಣು ಅದಕ್ಕೆ ಅಂಟಿಕೊಂಡು ಚಿತ್ರವನ್ನು ಅಲಂಕಾರವೆಂದು ತಳ್ಳಿಬಿಡುತ್ತದೆ. ಅಕ್ಷರ ಬಾರದ ಮಗು ತೊಡೆಯ ಮೇಲೆ ಕೂತು ಕೇಳುತ್ತಾ ಚಿತ್ರವನ್ನೇ ಓದುವುದರಿಂದ ನರಿಯನ್ನು ಮೊದಲು ಕಾಣುವುದು ಅದೇ. ದೊಡ್ಡವರು ಒಬ್ಬರೇ ಕೂತು ಇಂಥ ಪುಸ್ತಕ ಓದಿದಾಗ ಆ ನೋಟವನ್ನು ಮತ್ತೆ ಪಳಗಿಸಿಕೊಳ್ಳಬೇಕಾಗುತ್ತದೆ. ನಮ್ಮಲ್ಲಿ ಬಹಳ ಜನ ಚಿತ್ರಗಳ ರುಚಿ ಹತ್ತಿಸಿಕೊಂಡದ್ದು 1949ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ದಿಂದ. ಬೇತಾಳನನ್ನು ಹೆಗಲಿಗೆ ಹಾಕಿಕೊಂಡು ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ಶಂಕರ್ ಬಿಡಿಸಿದ ಬಗೆಯನ್ನು ಯಾರು ಮರೆತಾರು! ಆದರೂ ಅದು ಚಿತ್ರಸಹಿತವಾದ ಕಥೆ. ಚಿತ್ರ ತೆಗೆದರೂ ಕಥೆ ನಿಲ್ಲುತ್ತದೆ. ರೋಸಿಯ ಪುಸ್ತಕದಿಂದ ಚಿತ್ರ ತೆಗೆದರೆ ಉಳಿಯುವುದು ಒಂದು ಕೋಳಿಯ ಸಂಜೆಯ ಸುತ್ತಾಟ.

ಇನ್ನು ಪ್ರೇಮಕಾದಂಬರಿಗೆ ಬರುತ್ತೇನೆ. ಈ ಬಗೆಯಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗುವ ಕೃತಿ ಜಾರ್ಜೆಟ್ ಹೇಯರ್ 1953ರಲ್ಲಿ ಬರೆದ ‘ಕೊಟಿಲಿಯನ್’. ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡ್. ಕಿಟ್ಟಿ ಎಂಬ ಅನಾಥ ಹುಡುಗಿಯನ್ನು ಸಾಕಿದ ಜಿಪುಣ ಮುದುಕ, ತನ್ನ ಒಡಹುಟ್ಟಿದವರ ಮೊಮ್ಮಕ್ಕಳಲ್ಲಿ ಒಬ್ಬನನ್ನು ಅವಳು ಮದುವೆಯಾದರೆ ಮಾತ್ರ ಆಸ್ತಿ ಅವಳಿಗೆ ಎಂದು ಪಟ್ಟು ಹಿಡಿದಿದ್ದಾನೆ. ಅವಳ ಮನಸ್ಸು ಇರುವುದು ಜ್ಯಾಕ್‌ನ ಮೇಲೆ: ಸುಂದರ, ಚತುರ, ಹುಡುಗಿಯರ ಮನ ಕೆಡಿಸುವವನು. ಅವನೋ ಬರಲೇ ಇಲ್ಲ. ಸಿಟ್ಟಿಗೆದ್ದ ಕಿಟ್ಟಿ, ಫ್ರೆಡ್ಡಿ ಎಂಬ ಸಾಧು ಹುಡುಗನನ್ನು ಗೋಗರೆದು ಸುಳ್ಳು ನಿಶ್ಚಿತಾರ್ಥಕ್ಕೆ ಒಪ್ಪಿಸಿ, ಒಂದು ತಿಂಗಳ ಮಟ್ಟಿಗೆ ಲಂಡನ್ನಿಗೆ ಹೊರಡುತ್ತಾಳೆ. ಫ್ರೆಡ್ಡಿ ಮಂಕು ಎಂದು ಮನೆಯವರೆಲ್ಲರ ಅಭಿಪ್ರಾಯ. ಅವನದೂ ಅದೇ.

ಹೇಯರ್ ಮಾಡುವ ಕೆಲಸವೆಂದರೆ, ಫ್ರೆಡ್ಡಿಯನ್ನು ಹೊಗಳದೆ ಅವನನ್ನು ನಮಗೆ ತೋರಿಸುತ್ತಾ ಹೋಗುವುದು. ಯಾವ ಬಣ್ಣದ ಉಡುಪು ಕಿಟ್ಟಿಗೆ ಒಪ್ಪುತ್ತದೆ, ಯಾವ ಮನೆಗೆ ಅವಳು ಹೋಗಬಾರದು, ಯಾರ ಜೊತೆ ಎಷ್ಟು ಮಾತು ಸಾಕು, ಎಲ್ಲವೂ ಅವನಿಗೆ ಗೊತ್ತು. ಊರು ತೋರಿಸಲು ಕರೆದೊಯ್ದಾಗ, ಗ್ರೀಸಿನಿಂದ ತಂದ ಎಲ್ಗಿನ್ ಶಿಲ್ಪಗಳ ಮುಂದೆ ನಿಂತು, ತಲೆಯಿಲ್ಲದ ಮೂರ್ತಿಗಳನ್ನು ಜನ ಯಾಕೆ ನೋಡಲು ಬರುತ್ತಾರೆಂದು ಅವನು ಮನಸಾರೆ ಕೆರಳುತ್ತಾನೆ. ನಾವು ನಗುತ್ತೇವೆ. ಆದರೆ ಅದೇ ಹೊತ್ತಿಗೆ, ಬೇಸರದಿಂದ ಬಳಲುತ್ತಿದ್ದರೂ ಅವಳಿಗಾಗಿ ಊರೆಲ್ಲ ಸುತ್ತುತ್ತಿರುವುದನ್ನೂ ಗಮನಿಸುತ್ತೇವೆ. ಫ್ರೆಡ್ಡಿಯ ತಂದೆ ಲಾರ್ಡ್ ಲೆಜರ್‌ವುಡ್ ಮಗನಲ್ಲಿ ಆಗುತ್ತಿರುವ ಬದಲಾವಣೆಯನ್ನು ಬೆರಗಿನಿಂದ ನೋಡುತ್ತಾರೆ. ಕಾದಂಬರಿಯೊಳಗೆ ನಮ್ಮ ಪರವಾಗಿ ಕೂತಿರುವವರು ಅವರು. ಕಿಟ್ಟಿ ಕಡೆಗೆ ಅರಿಯುವುದು ಇಷ್ಟು: ರಾಕ್ಷಸರನ್ನು ಕೊಲ್ಲುವ ವೀರ ಬದುಕಿನಲ್ಲಿ ಬೇಕಾಗುವುದು ಅಪರೂಪ, ಕೈಗೆ ಬಂದ ತೊಡಕನ್ನು ಸದ್ದಿಲ್ಲದೆ ಬಿಡಿಸುವವನು ದಿನವೂ ಬೇಕು. ಇದನ್ನು ಅವಳಿಗಿಂತ ನೂರಾರು ಪುಟ ಮೊದಲೇ ನಾವು ಅರಿತಿರುತ್ತೇವೆ. ಹಾಗಾಗಿ ಅವಳು ಅರಿಯುವ ಗಳಿಗೆ ನಮಗೆ ಸುದ್ದಿಯಲ್ಲ, ಬಿಡುಗಡೆ.

‘ಕೊನೆ ಮೊದಲೇ ಗೊತ್ತಲ್ಲ, ಮತ್ತೆ ಓದುವುದೇನು?’ ಎಂಬ ಆಕ್ಷೇಪ ಈ ಪ್ರಕಾರದ ಮೇಲೆ ಸದಾ ಇದೆ. ರಾತ್ರಿಯಿಡೀ ಕೂತು ಯಕ್ಷಗಾನ ನೋಡುವ ನಾಡಿನಲ್ಲಿ ಈ ಪ್ರಶ್ನೆ ಏಳಬಾರದಿತ್ತು. ಕೀಚಕ ಸಾಯುತ್ತಾನೆಂದು ತಿಳಿಯದೆ ಯಾರೂ ‘ಕೀಚಕ ವಧೆ’ಗೆ ಹೋಗುವುದಿಲ್ಲ. ಸಾಯುವ ಮುನ್ನ ಅವನು ಹೇಗೆ ಬರುತ್ತಾನೆ, ಏನು ಮಾತಾಡುತ್ತಾನೆ, ಭಾಗವತರು ಯಾವ ಪದ್ಯವನ್ನು ಎಷ್ಟು ಎಳೆಯುತ್ತಾರೆ ಎಂಬುದಕ್ಕಾಗಿ ಹೋಗುತ್ತಾರೆ. ಕೊನೆ ಖಚಿತವಾದಾಗ ಗಮನವೆಲ್ಲ ನಡೆಯ ಮೇಲೆ ಬೀಳುತ್ತದೆ. ಕಳಪೆ ಲೇಖಕರಿಗೆ ಇದು ನಿಜಕ್ಕೂ ಅಪಾಯ: ಕೊನೆಯ ಕುತೂಹಲ ಇಲ್ಲದಿರುವುದರಿಂದ ನಡುವಿನ ಪ್ರತಿ ಪುಟವೂ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಒಂದು ಮಾತು ಬಾಯಿ ಬಿಟ್ಟು ಹೇಳಿದ್ದರೆ ಕರಗಿಹೋಗುತ್ತಿದ್ದ ತಪ್ಪು ತಿಳಿವಳಿಕೆಯನ್ನು ಮುನ್ನೂರು ಪುಟ ಎಳೆಯುವ ಕಾದಂಬರಿಗಳು ಬಿದ್ದುಹೋಗುವುದು ಇಲ್ಲಿಯೇ. ಚಿತ್ರದಲ್ಲಿ ಇರುವುದನ್ನೇ ಮಾತಿನಲ್ಲಿ ಮತ್ತೆ ಹೇಳುವ ಮಕ್ಕಳ ಪುಸ್ತಕಗಳ ದೋಷವೂ ಇದರ ಇನ್ನೊಂದು ರೂಪ. ಮೊದಲನೆಯದು ಪಾತ್ರಗಳನ್ನು ದಡ್ಡರನ್ನಾಗಿಸುತ್ತದೆ, ಎರಡನೆಯದು ಓದುಗರನ್ನು.

ಗುಟ್ಟು ಹಂಚಿಕೊಳ್ಳುವ ಈ ಸುಖಕ್ಕೆ ಇನ್ನೊಂದು ಅಪಾಯವೂ ಇದೆ. ಲೇಖಕ ಮತ್ತು ಓದುಗರು ಕಣ್ಣು ಮಿಟುಕಿಸಿಕೊಳ್ಳುವುದು ಯಾರ ತಲೆಯ ಮೇಲಿಂದ? ಹೇಯರ್ ಅವರದೇ ‘ದ ಗ್ರ್ಯಾಂಡ್ ಸೋಫಿ’ (1950) ಬಹು ಜನಪ್ರಿಯ, ನಾಯಕಿ ಧೈರ್ಯವಂತೆ, ಮಾತು ಚುರುಕು. ಆದರೆ ಅದರಲ್ಲಿ ಬರುವ ಯೆಹೂದಿ ಬಡ್ಡಿ ವ್ಯಾಪಾರಿಯ ಚಿತ್ರಣ ಹಸಿ ದ್ವೇಷದ್ದು. ಯೆಹೂದಿಗಳ ಮೇಲೆ ಏನೇನು ನಡೆಯಿತೆಂದು ಜಗತ್ತು ಕಂಡ ಐದೇ ವರ್ಷಕ್ಕೆ ಹೀಗೆ ಬರೆದದ್ದು. ಆ ಅಧ್ಯಾಯದಲ್ಲಿ ನನ್ನ ಸಂತೋಷ ಪೂರ್ತಿ ಆರಿಹೋಗುತ್ತದೆ, ಉಳಿದ ಪುಟಗಳ ಚೆಲುವು ಅದನ್ನು ಮರಳಿ ಹೊತ್ತಿಸುವುದಿಲ್ಲ. ‘ಕೊಟಿಲಿಯನ್’ನಲ್ಲಿ ಡಾಲ್ಫಿಂಟನ್ ಎಂಬ, ಬುದ್ಧಿ ತುಸು ನಿಧಾನವಾದ, ತಾಯಿಗೆ ಹೆದರಿ ನಡುಗುವ ಯುವಕನಿದ್ದಾನೆ. ಅವನ ಮಾತಿಗೂ ನಾವು ನಗುತ್ತೇವೆ. ಆದರೆ ಅವನಿಗೂ ಒಂದು ಆಸೆಯಿದೆ, ಅವನನ್ನು ನಿಜವಾಗಿ ಬಯಸುವ ಹುಡುಗಿಯಿದ್ದಾಳೆ, ಮತ್ತು ಕಿಟ್ಟಿ–ಫ್ರೆಡ್ಡಿ ಹೆಣಗಿ ಅವರಿಬ್ಬರ ಮದುವೆ ಮಾಡಿಸುತ್ತಾರೆ. ಇಂದಿನ ಕಣ್ಣಿಗೆ ಇಲ್ಲಿಯೂ ಕೆಲವು ಸಾಲು ಚುಚ್ಚಬಹುದು. ಆದರೂ ಕಾದಂಬರಿ ಅವನ ಪಕ್ಷದಲ್ಲಿ ನಿಂತಿದೆ. ಒಬ್ಬಳೇ ಲೇಖಕಿ ಮೂರು ವರ್ಷದ ಅಂತರದಲ್ಲಿ ಬರೆದ ಎರಡು ಪುಸ್ತಕಗಳ ನಡುವಿನ ಈ ದೂರ ನನ್ನನ್ನು ಇಂದಿಗೂ ಕಾಡುತ್ತದೆ.

ಇತ್ತೀಚಿನ ಪ್ರೇಮಕಾದಂಬರಿಗಳ ತೊಂದರೆ ಬೇರೆ. ಎಮಿಲಿ ಹೆನ್ರಿ ಅವರ ‘ಬೀಚ್ ರೀಡ್’ (2020) ನನಗೆ ಇಷ್ಟವಾದ ಪುಸ್ತಕವೇ. ಪ್ರೇಮಕಥೆ ಬರೆಯುವ ಜನವರಿ, ಗಂಭೀರ ಕಾದಂಬರಿ ಬರೆಯುವ ಗಸ್, ಅಕ್ಕಪಕ್ಕದ ಮನೆ, ಇಬ್ಬರೂ ಪರಸ್ಪರರ ಬಗೆಯಲ್ಲಿ ಬರೆಯಬೇಕೆಂಬ ಪಂದ್ಯ. ಅವರಿಬ್ಬರ ಮಾತಿನ ಜಟಾಪಟಿ ನಡೆಯುವ ಪುಟಗಳು ಉತ್ತಮ ದರ್ಜೆಯವು. ಆದರೆ ಸತ್ತ ತಂದೆಯ ಗುಟ್ಟು, ಗಸ್‌ನ ಬಾಲ್ಯದ ಗಾಯ ಎಲ್ಲ ಸೇರಿ, ಈ ನಗೆಗೆ ಹಕ್ಕು ಸಿಗಬೇಕಾದರೆ ಇಷ್ಟು ನೋವಿನ ಸುಂಕ ಕಟ್ಟಲೇಬೇಕು ಎಂಬ ಆತಂಕ ಪುಸ್ತಕದುದ್ದಕ್ಕೂ ಕಾಣುತ್ತದೆ. ಪ್ರೇಮಕಥೆಯನ್ನು ಕೀಳುಗಳೆಯಬೇಡಿ ಎಂದು ಅದರ ನಾಯಕಿ ವಾದಿಸುತ್ತಾಳೆ. ಕಾದಂಬರಿಗೆ ಮಾತ್ರ ಆ ವಾದದಲ್ಲಿ ಪೂರ್ತಿ ನಂಬಿಕೆ ಇದ್ದಂತಿಲ್ಲ.

ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಇದೇ ಆತಂಕ ನೀತಿಯ ರೂಪ ತಾಳುತ್ತದೆ. ಕೊಳ್ಳುವವರು ಅಪ್ಪ ಅಮ್ಮ, ಮೇಷ್ಟ್ರು, ಗ್ರಂಥಾಲಯ. ಅವರು ಕೇಳುವ ಮೊದಲ ಪ್ರಶ್ನೆ, ‘ಇದರಿಂದ ಮಗು ಏನು ಕಲಿಯುತ್ತದೆ?’ ಪುಟ್ಟ ಮೀನು ಕದ್ದದ್ದಕ್ಕೆ ಶಿಕ್ಷೆಯಾಯಿತು ಎಂದು ಕಡೆಯಲ್ಲಿ ಒಂದು ಸಾಲು ಸೇರಿಸಿದರೆ ಕ್ಲಾಸೆನ್ ಪುಸ್ತಕ ಸತ್ತೇಹೋಗುತ್ತದೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್, ಅದು 2015ರಲ್ಲಿ ತೆರೆದ ಸ್ಟೋರಿವೀವರ್ ಇವುಗಳಿಂದ ಈ ಹಾದಿ ಸ್ವಲ್ಪ ಬದಲಾಗಿದೆ. ರಾಜೀವ್ ಐಪ್ ಅವರ ‘ಅಮ್ಮಾಚೀಸ್ ಅಮೇಜಿಂಗ್ ಮಶೀನ್ಸ್’ನಲ್ಲಿ ಅಜ್ಜಿ ಮೊಮ್ಮಗ ಸೇರಿ ಕೊಬ್ಬರಿ ಬರ್ಫಿ ಮಾಡಹೊರಟು ರಾಟೆ, ಸನ್ನೆಗೋಲುಗಳನ್ನು ಹೂಡುತ್ತಾರೆ. ಸರಳ ಯಂತ್ರಗಳ ಪಾಠ ಅದರಲ್ಲಿದೆ. ಆದರೆ ಪುಸ್ತಕದ ಮನಸ್ಸಿರುವುದು ಬರ್ಫಿಯ ಮೇಲೆ. ಪಾಠ ಬರ್ಫಿಗೆ ದುಡಿಯುತ್ತದೆಯೇ ಹೊರತು ಬರ್ಫಿ ಪಾಠಕ್ಕಲ್ಲ.

ನಗೆಯ ಪ್ರೇಮಕಥೆಯಲ್ಲಂತೂ ನಮ್ಮ ಗದ್ಯ ಬಡವಾಗಿದೆ. ನಮ್ಮ ಜನಪ್ರಿಯ ಕಾದಂಬರಿ ತ್ಯಾಗ, ವಿರಹ, ಕಣ್ಣೀರುಗಳನ್ನು ಚೆನ್ನಾಗಿ ಬಲ್ಲದು. ತ್ರಿವೇಣಿಯವರ ‘ಬೆಳ್ಳಿಮೋಡ’ದ ಇಂದಿರಾ, ಆಸ್ತಿ ಕೈತಪ್ಪುವಾಗ ತನ್ನನ್ನು ಬಿಟ್ಟ ಮೋಹನ ಮರಳಿ ಬಯಸಿ ಬಂದಾಗ ಬೇಡವೆನ್ನುತ್ತಾಳೆ. ಆ ‘ಬೇಡ’ ಕನ್ನಡ ಕಾದಂಬರಿಯ ದೊಡ್ಡ ಗಳಿಗೆಗಳಲ್ಲಿ ಒಂದು, ಅದನ್ನು ಕಿಂಚಿತ್ತೂ ಕಡಿಮೆ ಮಾಡಲಾರೆ. ಆದರೆ ‘ಹೂಂ’ ಎನ್ನುವವರೆಗಿನ ದಾರಿಯನ್ನು ಅಷ್ಟೇ ಜಾಣತನದಿಂದ, ನಗುನಗುತ್ತಾ ಬರೆದ ಕೃತಿಗಳು ನಮ್ಮಲ್ಲಿ ವಿರಳ. ಆ ಕೆಲಸವನ್ನು ಸಿನಿಮಾ ಮಾಡಿತು. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯಲ್ಲಿ (1990) ಒಂದೇ ವಠಾರದ ಅನಂತ್ ನಾಗ್ ಮತ್ತು ವಿನಯಾ ಪ್ರಸಾದ್ ಎದುರು ಕಂಡರೆ ಕಚ್ಚಾಡುತ್ತಾರೆ, ಅವಳೇ ಹಾಡುಗಾರ್ತಿ ಎಂದರಿಯದೆ ಆ ದನಿಗೆ ಅವನು ಮನಸೋತಿದ್ದಾನೆ. ಹಂಗೆರಿಯ ಮಿಕ್ಲೋಶ್ ಲಾಸ್ಲೋ 1937ರ ತಮ್ಮ ನಾಟಕದಲ್ಲಿ ಅಂಗಡಿಯೊಂದರ ಇಬ್ಬರು ನೌಕರರ ನಡುವೆ ಹೂಡಿದ ಆಟವೂ ಇದೇ ಜಾತಿಯದು. ವಠಾರ ಇದಕ್ಕೆ ಅಂಗಡಿಗಿಂತ ಒಳ್ಳೆಯ ಜಾಗ: ಗೋಡೆ ತೆಳು, ನಲ್ಲಿ ಒಂದೇ, ಎಲ್ಲರ ಸುದ್ದಿ ಎಲ್ಲರಿಗೂ ಗೊತ್ತು, ಬೇಕಾದ ಒಂದು ಸುದ್ದಿ ಮಾತ್ರ ಬೇಕಾದವರಿಗೆ ಗೊತ್ತಿಲ್ಲ.

ಪರದೆಯ ಮೇಲೆ ಅದು ಎಷ್ಟೇ ಚೆನ್ನಾಗಿ ಬಂದರೂ ವೇಗ ನಿರ್ದೇಶಕರದು. ಗುಟ್ಟು ಹೊರಬೀಳುವ ಪುಟಕ್ಕೆ ಮುಂಚೆ ಬೆರಳಿಟ್ಟು ನಿಲ್ಲುವ, ಹಿಂದಕ್ಕೆ ಹೋಗಿ ಅವಳು ಮೊದಲ ಸಲ ತಡವರಿಸಿದ ಮಾತನ್ನು ಹುಡುಕಿ ಓದುವ ಸವಲತ್ತು ಪುಸ್ತಕದ್ದು. ವಠಾರಗಳು ಅಪಾರ್ಟ್‌ಮೆಂಟುಗಳಾಗಿ, ಬಾಗಿಲ ಮುಂದೆ ಆಡುತ್ತಿದ್ದ ಜಗಳ ವಾಟ್ಸ್ಯಾಪ್ ಗುಂಪಿಗೆ ಏರಿರುವ ಈ ದಿನಗಳಲ್ಲಿ, ಎದುರುಬದುರು ಮನೆಯ ಇಬ್ಬರು ಹೆಸರು ತಿಳಿಯದೆ ಒಬ್ಬರಿಗೊಬ್ಬರು ಬರೆದುಕೊಳ್ಳುವುದಕ್ಕೆ ದಾರಿಗಳು ಹೆಚ್ಚಿವೆ, ಕಡಿಮೆಯಾಗಿಲ್ಲ. ಕಣ್ಣೀರಿನ ಸುಂಕ ಕಟ್ಟದ, ನೀತಿಯ ಬಾಲವಿಲ್ಲದ, ಇನ್ನೂರು ಪುಟದ ಅಂಥದೊಂದು ಕನ್ನಡ ಕಾದಂಬರಿಗಾಗಿ ನಾನು ಕಾಯುತ್ತಿದ್ದೇನೆ.