ಗೋದಲಿಯನ್ನು ನೋಡುವ ಬಗೆ

ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಯೇಸುವಿನ ಜನನದ ಸನ್ನಿವೇಶವನ್ನು ಗೊಂಬೆಗಳಲ್ಲಿ ಜೋಡಿಸಿ ತೋರಿಸುವ ಕಲೆಗೂ ಕನ್ನಡದ ಕ್ರೈಸ್ತರಲ್ಲಿ ಅದೇ ಹೆಸರು. ಕ್ರಿಬ್ ಎಂಬ ಮಾತೂ ಅಷ್ಟೇ ಬಳಕೆಯಲ್ಲಿದೆ. ಹುಲ್ಲು ಹೊದಿಸಿದ ಕೊಟ್ಟಿಗೆ, ಮಧ್ಯದಲ್ಲಿ ಕೂಸು, ಅಕ್ಕಪಕ್ಕ ತಾಯಿ ಮರಿಯ ಮತ್ತು ಜೋಸೆಫ್, ಹಿಂದೆ ಎತ್ತು ಮತ್ತು ಕತ್ತೆ, ಒಂದು ಬದಿಗೆ ಕುರುಬರು, ಇನ್ನೊಂದು ಬದಿಗೆ ಕಿರೀಟ ತೊಟ್ಟ ಮೂವರು, ಮಾಡಿನ ಮೇಲೆ ಬಾಲವಿರುವ ನಕ್ಷತ್ರ: ಇದು ಎಲ್ಲರೂ ಬಲ್ಲ ಚಿತ್ರ. ಇದರಲ್ಲಿ ಸಾಕಷ್ಟು ಭಾಗ ಬೈಬಲಿನಲ್ಲಿಲ್ಲ. ಹಾಗೆಂದು ತಪ್ಪುಗಳ ಪಟ್ಟಿ ಹಿಡಿದು ಗೋದಲಿಯ ಮುಂದೆ ನಿಂತರೆ ಕಲೆ ದಕ್ಕುವುದಿಲ್ಲ. ಇದ್ದದ್ದೆಲ್ಲ ನಡೆದದ್ದೇ ಎಂದು ನಂಬಿ ನಿಂತರೂ ಅರ್ಧವೇ ದಕ್ಕುತ್ತದೆ. ಒಂದೊಂದು ಗೊಂಬೆಯೂ ಒಂದೊಂದು ಕಾಲದಲ್ಲಿ, ಒಂದೊಂದು ಮೂಲದಿಂದ ಬಂದು ಈ ಚಿತ್ರದೊಳಗೆ ಸೇರಿಕೊಂಡಿದೆ. ಯಾವುದು ಎಲ್ಲಿಂದ ಬಂತು, ಯಾಕೆ ಉಳಿಯಿತು ಎಂದು ತಿಳಿದರೆ ಗೋದಲಿಯನ್ನು ಓದಲು ಬರುತ್ತದೆ.

ಮೂಲದಲ್ಲಿ ಇರುವುದೆಷ್ಟು

ನಾಲ್ಕು ಸುವಾರ್ತೆಗಳಲ್ಲಿ ಜನನದ ಕಥೆ ಇರುವುದು ಎರಡರಲ್ಲಿ ಮಾತ್ರ. ಮಾರ್ಕನೂ ಯೋಹಾನನೂ ಅದನ್ನು ಹೇಳುವುದಿಲ್ಲ. ಲೂಕನ ಎರಡನೆಯ ಅಧ್ಯಾಯದಲ್ಲಿ ಜನಗಣತಿಗಾಗಿ ಬೆತ್ಲೆಹೇಮಿಗೆ ಪ್ರಯಾಣ, ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು, ಹೊಲದಲ್ಲಿ ರಾತ್ರಿ ಮಂದೆ ಕಾಯುತ್ತಿದ್ದ ಕುರುಬರು, ಅವರಿಗೆ ಕಾಣಿಸಿಕೊಂಡ ದೇವದೂತರು ಇದ್ದಾರೆ. ಮತ್ತಾಯನ ಎರಡನೆಯ ಅಧ್ಯಾಯದಲ್ಲಿ ಮೂಡಣದ ಜೋಯಿಸರು, ನಕ್ಷತ್ರ, ಹೆರೋದ ಅರಸ, ಮೂರು ಕಾಣಿಕೆಗಳು ಇವೆ. ಲೂಕನಲ್ಲಿ ಜೋಯಿಸರಿಲ್ಲ, ಮತ್ತಾಯನಲ್ಲಿ ಕುರುಬರಿಲ್ಲ. ಇಬ್ಬರ ಕಥೆಯನ್ನೂ ಒಂದೇ ಮಾಡಿನ ಕೆಳಗೆ ತಂದದ್ದು ಗೋದಲಿಯ ಮೊದಲ ಮತ್ತು ದೊಡ್ಡ ಸ್ವಾತಂತ್ರ್ಯ.

ಕಾಲದ ವಿಷಯದಲ್ಲೂ ಇಬ್ಬರಿಗೆ ಹೊಂದಾಣಿಕೆಯಿಲ್ಲ. ಹೆರೋದ ತೀರಿಕೊಂಡದ್ದು ಸಾಮಾನ್ಯವಾಗಿ ಒಪ್ಪಿರುವಂತೆ ಕ್ರಿ.ಪೂ. 4ರಲ್ಲಿ, ಲೂಕ ಹೆಸರಿಸುವ ಸಿರಿಯಾದ ಅಧಿಪತಿ ಕುರೇನ್ಯನ ಜನಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಡಿಸೆಂಬರ್ 25 ಎಂಬ ದಿನ ಯಾವ ಸುವಾರ್ತೆಯಲ್ಲೂ ಇಲ್ಲ. ರೋಮಿನಲ್ಲಿ ಆ ದಿನದ ಆಚರಣೆಗೆ ದಾಖಲೆ ದೊರೆಯುವುದು ನಾಲ್ಕನೆಯ ಶತಮಾನದಿಂದ. ಇತಿಹಾಸದ ಒರೆಗಲ್ಲಿಗೆ ಹಚ್ಚುವುದಾದರೆ ಗೊಂಬೆಗಳಿಗೂ ಮೊದಲು ಹಚ್ಚಬೇಕಾದದ್ದು ಈ ಎರಡು ಬರಹಗಳನ್ನೇ.

ಜಾಗ: ಕೊಟ್ಟಿಗೆ, ಗುಹೆ, ಮನೆ

ಲೂಕ ಗೋದಲಿಯನ್ನು ಹೇಳುತ್ತಾನೆ, ಕೊಟ್ಟಿಗೆಯನ್ನು ಹೇಳುವುದಿಲ್ಲ. ಜಾಗವಿಲ್ಲವೆಂದು ಬಾಗಿಲು ಹಾಕುವ ಛತ್ರದ ಯಜಮಾನ ಕ್ರಿಸ್ಮಸ್ ನಾಟಕಗಳಲ್ಲಿ ಖಾಯಂ ಪಾತ್ರ, ಆದರೆ ಸುವಾರ್ತೆಯಲ್ಲಿ ಅವನ ಸುಳಿವೂ ಇಲ್ಲ. ಆ ಕಾಲದ ಯೂದಾಯದ ಸಾಧಾರಣ ಮನೆಗಳಲ್ಲಿ ದನಕರುಗಳನ್ನು ರಾತ್ರಿ ಮನೆಯೊಳಗೇ ಕಟ್ಟುತ್ತಿದ್ದರು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಗ್ಗಿನಲ್ಲಿ ದನ, ಎತ್ತರದ ಪಡಸಾಲೆಯಲ್ಲಿ ಜನ ಇದ್ದ ಹಾಗೆ. ಹಾಗಿದ್ದರೆ ನೆಂಟರಿಂದ ತುಂಬಿದ ಮನೆಯಲ್ಲಿ ಒಳಗೋಣೆ ಸಿಗದೆ ದನ ಕಟ್ಟುವ ಕಡೆ ಹೆರಿಗೆಯಾಯಿತು ಎಂಬ ಓದೂ ಸಾಧ್ಯ.

ಗುಹೆಯ ಸಂಪ್ರದಾಯ ಬಹಳ ಹಳೆಯದು. ಎರಡನೆಯ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರ್ ಗುಹೆಯನ್ನೇ ಹೇಳುತ್ತಾನೆ. ಅದೇ ಶತಮಾನದ ‘ಯಾಕೋಬನ ಆದಿಸುವಾರ್ತೆ’ಯೂ ಹಾಗೆಯೇ. ಇದು ಬೈಬಲಿನೊಳಗೆ ಸೇರದೆ ಹೊರಗುಳಿದರೂ ಜನಮನದಲ್ಲಿ ಉಳಿದ ಗ್ರಂಥ. ಬೆತ್ಲೆಹೇಮಿನಲ್ಲಿ ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿಸಿದ, ಆರನೆಯ ಶತಮಾನದಲ್ಲಿ ಮರುನಿರ್ಮಾಣಗೊಂಡ ಜನನದ ಬಸಿಲಿಕಾ ನಿಂತಿರುವುದೂ ಒಂದು ಗುಹೆಯ ಮೇಲೆ. ಪೂರ್ವದ ಆರ್ಥೊಡಾಕ್ಸ್ ಚರ್ಚ್‌ಗಳ ಐಕಾನ್ ಚಿತ್ರಗಳು ಇಂದಿಗೂ ಗುಹೆಯನ್ನೇ ಬರೆಯುತ್ತವೆ. ಮರದ ಕಂಬಗಳ ಕೊಟ್ಟಿಗೆ ಪಶ್ಚಿಮ ಯುರೋಪಿನ ಹಳ್ಳಿಗಳಿಂದ ಬಂದದ್ದು.

ಕೆಲವು ಗೋದಲಿಗಳಲ್ಲಿ ಕೊಟ್ಟಿಗೆಯ ಬದಲು ಮುರಿದ ರೋಮನ್ ಕಂಬಗಳ ಪಾಳುಗುಡಿ ಇರುತ್ತದೆ. ಯೇಸು ಹುಟ್ಟಿದ ರಾತ್ರಿ ರೋಮಿನ ಶಾಂತಿದೇಗುಲ ಕುಸಿಯಿತು ಎಂಬ ಕಥೆ ಹದಿಮೂರನೆಯ ಶತಮಾನದ ‘ಸುವರ್ಣ ಗಾಥೆ’ ಎಂಬ ಸಂತಚರಿತ್ರೆಗಳ ಸಂಗ್ರಹದಲ್ಲಿದೆ. ಇತಿಹಾಸದಲ್ಲಿ ಆ ಗುಡಿ ಕಟ್ಟಲ್ಪಟ್ಟದ್ದೇ ಯೇಸುವಿನ ಕಾಲದ ನಂತರ. ಆದರೂ ಹಳೆಯ ಧರ್ಮದ ಅವಶೇಷದೊಳಗೆ ಹೊಸತೊಂದು ಹುಟ್ಟಿತು ಎಂಬ ಮಾತನ್ನು ಆ ಕಂಬಗಳು ಬಾಯಿಬಿಡದೆ ಹೇಳುತ್ತವೆ.

ಎತ್ತು ಮತ್ತು ಕತ್ತೆ

ಈ ಎರಡು ಪ್ರಾಣಿಗಳು ಎರಡು ಜನನ ಕಥೆಗಳಲ್ಲಿ ಒಂದರಲ್ಲೂ ಇಲ್ಲ. ಆದರೆ ಕಲೆಯಲ್ಲಿ ಅವು ಎಷ್ಟು ಹಳೆಯವೆಂದರೆ, ಮಿಲಾನಿನ ಸಂತ ಅಂಬ್ರೋಸರ ಬಸಿಲಿಕಾದಲ್ಲಿರುವ ನಾಲ್ಕನೆಯ ಶತಮಾನದ ಕಲ್ಲಿನ ಶವಪೆಟ್ಟಿಗೆಯೊಂದರ ಮೇಲೆ ಕೂಸು, ಎತ್ತು, ಕತ್ತೆ ಇಷ್ಟೇ ಇವೆ. ಮರಿಯಳೂ ಇಲ್ಲ, ಜೋಸೆಫನೂ ಇಲ್ಲ. ಅವು ಬಂದದ್ದು ಯೆಶಾಯನ ಪ್ರವಾದನೆಯ ಮೊದಲ ಅಧ್ಯಾಯದಿಂದ. ಎತ್ತಿಗೆ ತನ್ನ ಒಡೆಯನೂ ಕತ್ತೆಗೆ ತನ್ನ ಯಜಮಾನನ ಗೋದಲಿಯೂ ಗೊತ್ತು, ನನ್ನ ಜನರಿಗೆ ಮಾತ್ರ ಗೊತ್ತಿಲ್ಲ ಎಂಬ ಅಲ್ಲಿನ ದೂರನ್ನು ಆರಂಭಕಾಲದ ಕ್ರೈಸ್ತರು ಯೇಸುವಿನ ಜನನಕ್ಕೆ ಅನ್ವಯಿಸಿಕೊಂಡರು. ಆದ್ದರಿಂದ ಪ್ರಾಣಿಗಳು ಎತ್ತ ನೋಡುತ್ತಿವೆ ಎಂಬುದನ್ನು ಗಮನಿಸಬೇಕು. ಬಲ್ಲ ಕಲಾವಿದನ ಗೋದಲಿಯಲ್ಲಿ ಅವುಗಳ ಕಣ್ಣು ಕೂಸಿನ ಮೇಲಿರುತ್ತದೆ. ಮನುಷ್ಯರಿಗಿಂತ ಮೊದಲು ಗುರುತಿಸಿದವು ಅವೇ ತಾನೇ.

ತಾಯಿ, ತಂದೆ, ಕೂಸು

ಹಳೆಯ ಪೂರ್ವದ ಚಿತ್ರಗಳಲ್ಲಿ ಮರಿಯ ಬಾಣಂತಿಯಂತೆ ಹಾಸಿಗೆಯ ಮೇಲೆ ಒರಗಿರುತ್ತಾಳೆ, ಸೂಲಗಿತ್ತಿಯರು ಕೂಸಿಗೆ ಸ್ನಾನ ಮಾಡಿಸುತ್ತಿರುತ್ತಾರೆ, ಜೋಸೆಫ್ ದೂರದಲ್ಲಿ ಚಿಂತೆಯಲ್ಲಿ ಕೂತಿರುತ್ತಾನೆ. ಸೂಲಗಿತ್ತಿಯೂ ಜೋಸೆಫನ ಮುಪ್ಪೂ ‘ಆದಿಸುವಾರ್ತೆ’ಯಿಂದ ಬಂದವು. ಪಶ್ಚಿಮದಲ್ಲಿ ಈ ಭಂಗಿ ಬದಲಾಗಲು ಸ್ವೀಡನ್ನಿನ ಸಂತ ಬ್ರಿಜಿಟ್ ಮುಖ್ಯ ಕಾರಣ. ಹದಿನಾಲ್ಕನೆಯ ಶತಮಾನದಲ್ಲಿ ಬೆತ್ಲೆಹೇಮಿಗೆ ಯಾತ್ರೆ ಹೋದ ಆಕೆ ತನಗಾದ ದರ್ಶನದಲ್ಲಿ ಮರಿಯ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನೂ ನೆಲದ ಮೇಲಿನ ಕೂಸಿನಿಂದ ಬೆಳಕು ಹೊಮ್ಮುತ್ತಿದ್ದುದನ್ನೂ ಕಂಡೆನೆಂದು ಹೇಳಿದಳು. ಮುಂದಿನ ಚಿತ್ರಕಾರರು ಅದನ್ನೇ ಅನುಸರಿಸಿದರು. ಕೈಜೋಡಿಸಿ ಮಂಡಿಯೂರಿದ ಮರಿಯ, ಬಟ್ಟೆ ಸುತ್ತದ ಕೂಸು ಎರಡೂ ಕಂಡರೆ ಅದು ಬ್ರಿಜಿಟ್ ಕಂಡ ರಾತ್ರಿ, ಲೂಕ ಬರೆದ ರಾತ್ರಿಯಲ್ಲ.

ಮೂವರು ರಾಜರು

ಮತ್ತಾಯ ಅವರನ್ನು ರಾಜರೆನ್ನುವುದಿಲ್ಲ, ಸಂಖ್ಯೆ ಹೇಳುವುದಿಲ್ಲ, ಹೆಸರೂ ಕೊಡುವುದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಮೂವರು ಹುಟ್ಟಿಕೊಂಡರು. ಸಿರಿಯಾದ ಕ್ರೈಸ್ತ ಪರಂಪರೆಯಲ್ಲಿ ಅವರು ಹನ್ನೆರಡು ಮಂದಿ. ರೋಮಿನ ಪ್ರಿಸಿಲ್ಲಾ ನೆಲಗೋರಿಯ ಪ್ರಾಚೀನ ಭಿತ್ತಿಚಿತ್ರದಲ್ಲಿ ಮೂವರಿದ್ದಾರೆ. ರವೆನ್ನಾ ನಗರದ ಸಂತ ಅಪೊಲಿನಾರಿಸರ ಹೊಸ ಬಸಿಲಿಕಾದಲ್ಲಿರುವ ಆರನೆಯ ಶತಮಾನದ ಮೊಸಾಯಿಕ್‌ನಲ್ಲಿ ಪರ್ಷಿಯನ್ನರ ಟೋಪಿ, ಬಣ್ಣದ ಷರಾಯಿ ತೊಟ್ಟು ನಡೆದಿರುವ ಅವರ ತಲೆಯ ಮೇಲೆ ಬಾಲ್ತಸಾರ್, ಮೆಲ್ಕಿಯೋರ್, ಗಾಸ್ಪಾರ್ ಎಂದು ಬರೆದಿದೆ. ರಾಜರು ಕಾಣಿಕೆ ತರುವರೆಂಬ 72ನೆಯ ಕೀರ್ತನೆಯ ಬಲದಿಂದ ಟೋಪಿ ಹೋಗಿ ಕಿರೀಟ ಬಂತು. ಆಮೇಲೆ ಅವರು ಯೌವನ, ನಡುವಯಸ್ಸು, ಮುಪ್ಪು ಎಂಬ ಮೂರು ವಯಸ್ಸುಗಳಿಗೂ ಆಗ ಯುರೋಪ್ ಬಲ್ಲ ಮೂರು ಖಂಡಗಳಿಗೂ ಪ್ರತಿನಿಧಿಗಳಾದರು. ಮಧ್ಯಯುಗದ ಕೊನೆಯ ಹೊತ್ತಿಗೆ ಅವರಲ್ಲೊಬ್ಬ ಆಫ್ರಿಕದವನಾದ.

ಅವರು ಬಂದದ್ದು ಮನೆಗೆ ಎಂದು ಮತ್ತಾಯ ಸ್ಪಷ್ಟವಾಗಿ ಹೇಳುತ್ತಾನೆ. ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಹೆರೋದ ಕೊಲ್ಲಿಸಿದ್ದರಿಂದ, ಅಷ್ಟು ಹೊತ್ತಿಗೆ ಕೂಸಿಗೆ ಕೆಲವು ತಿಂಗಳಾದರೂ ಆಗಿರಬಹುದು. ಈ ತೊಡಕನ್ನು ಸಂಪ್ರದಾಯವೇ ಜಾಣತನದಿಂದ ಬಿಡಿಸಿಕೊಂಡಿದೆ: ಅನೇಕ ಮನೆಗಳಲ್ಲಿ ಬಾಲಯೇಸುವನ್ನು ಗೋದಲಿಯಲ್ಲಿಡುವುದು ಡಿಸೆಂಬರ್ 24ರ ರಾತ್ರಿ; ರಾಜರನ್ನು ದೂರದಲ್ಲಿಟ್ಟು ದಿನವೂ ಅಷ್ಟಿಷ್ಟು ಮುಂದೆ ಸರಿಸುತ್ತ ಜನವರಿ 6ರ ಹಬ್ಬಕ್ಕೆ ಮುಟ್ಟಿಸುತ್ತಾರೆ. ನಕ್ಷತ್ರಕ್ಕೆ ಬಾಲ ಬಂದದ್ದರಲ್ಲಿ ಇಟಲಿಯ ಚಿತ್ರಕಾರ ಜೊತ್ತೊನ ಪಾಲಿದೆ. ಪಾದುವಾದ ಸ್ಕ್ರೊವೆನ್ಯಿ ಪ್ರಾರ್ಥನಾಲಯದಲ್ಲಿ ಆತ ಸುಮಾರು 1305ರ ಹೊತ್ತಿಗೆ ನಕ್ಷತ್ರವನ್ನು ಧೂಮಕೇತುವಾಗಿ ಬರೆದ. ಅದಕ್ಕೆ ಕೆಲವೇ ವರ್ಷ ಮೊದಲು, 1301ರಲ್ಲಿ, ಹ್ಯಾಲಿ ಧೂಮಕೇತು ಕಾಣಿಸಿತ್ತು.

ಊರುಊರಿನ ಗೋದಲಿಗಳು

ಗೋದಲಿಯ ಆರಂಭವನ್ನು ಅಸಿಸಿಯ ಸಂತ ಫ್ರಾನ್ಸಿಸರಿಗೆ ಕೊಡುವುದು ವಾಡಿಕೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅವರು ಹುಲ್ಲು ತುಂಬಿದ ಗೋದಲಿ, ಜೀವಂತ ಎತ್ತು ಮತ್ತು ಕತ್ತೆಯನ್ನು ತರಿಸಿ ಅಲ್ಲಿಯೇ ಪೂಜೆ ಏರ್ಪಡಿಸಿದರು. ಅವರ ಜೀವನಚರಿತ್ರೆಕಾರ ಚೆಲಾನೊದ ಥಾಮಸ್ ಹೇಳುವಂತೆ ಅವರ ಆಸೆ ಬೆತ್ಲೆಹೇಮಿನ ಬಡತನವನ್ನು ಕಣ್ಣಾರೆ ಕಾಣುವುದಾಗಿತ್ತು. ಅಲ್ಲಿಗೇ ಒಂದು ಸೂತ್ರ ನಿಂತಿತು: ಅಂದಿನ ಬೆತ್ಲೆಹೇಮನ್ನು ಇಂದಿನ ಊರಿಗೆ ಕರೆತರುವುದು. ಗೊಂಬೆಗಳ ಪರಂಪರೆಯಲ್ಲಿ ಉಳಿದಿರುವ ಹಳೆಯ ಕೃತಿಗಳಲ್ಲೊಂದು ಆರ್ನೊಲ್ಫೊ ದಿ ಕಾಂಬಿಯೊ ಹದಿಮೂರನೆಯ ಶತಮಾನದ ಕೊನೆಗೆ ಕೆತ್ತಿದ ಕಲ್ಲಿನ ಮೂರ್ತಿಗಳು. ಅವು ರೋಮಿನ ಸಾಂತಾ ಮರಿಯಾ ಮಜ್ಜೋರೆಯಲ್ಲಿವೆ.

ಈ ಸೂತ್ರವನ್ನು ತುದಿಗೊಯ್ದದ್ದು ಹದಿನೆಂಟನೆಯ ಶತಮಾನದ ನೇಪಲ್ಸ್. ಸುಟ್ಟ ಮಣ್ಣಿನ ತಲೆ, ತಂತಿ ಮತ್ತು ನಾರಿನ ಮೈ, ರೇಷ್ಮೆಯ ಉಡುಪಿನ ನೂರಾರು ಗೊಂಬೆಗಳು: ಮೀನು ಮಾರುವವಳು, ಕಸಾಯಿ, ಭಿಕ್ಷುಕ, ಹೆಂಡದಂಗಡಿಯಲ್ಲಿ ಊಟಕ್ಕೆ ಕೂತವರು. ಪವಿತ್ರ ಕುಟುಂಬವನ್ನು ಈ ಸಂತೆಯ ನಡುವೆ ಹುಡುಕಬೇಕು, ಹುಡುಕಬೇಕೆಂಬುದೇ ಉದ್ದೇಶ. ಜುಸೆಪ್ಪೆ ಸಮ್ಮಾರ್ತಿನೊನಂಥ ದೊಡ್ಡ ಶಿಲ್ಪಿಗಳೂ ಈ ಗೊಂಬೆಗಳನ್ನು ಮಾಡಿದರು. ಅಲ್ಲಿನ ಸಾನ್ ಗ್ರೆಗೊರಿಯೊ ಅರ್ಮೇನೊ ಬೀದಿ ಇಂದಿಗೂ ಗೊಂಬೆಯವರ ಬೀದಿ. ಸಾನ್ ಮಾರ್ತಿನೊ ಮ್ಯೂಸಿಯಮ್ಮಿನ ಕುಚಿನಿಯೆಲ್ಲೊ ಗೋದಲಿ ಈ ಶೈಲಿಯ ಮೇರುಕೃತಿ.

ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಚರ್ಚ್‌ಗಳು ಮುಚ್ಚಿದಾಗ ಪ್ರೊವಾನ್ಸ್ ಪ್ರಾಂತದಲ್ಲಿ ಗೋದಲಿ ಮನೆಯೊಳಗೆ ಬಂತು. ಮಾರ್ಸೆಯಿನ ಝಾಂ-ಲೂಯಿ ಲಾನ್ಯೆಲ್ ಅಚ್ಚಿನಿಂದ ಮಣ್ಣಿನ ಅಗ್ಗದ ಗೊಂಬೆಗಳನ್ನು ತೆಗೆದ, ಅವೇ ಸಾಂತೋನ್‌ಗಳು. ಅಲ್ಲಿ ಕೂಸಿನ ಬಳಿಗೆ ಬರುವವರು ಪ್ರೊವಾನ್ಸಿನ ಗಿರಣಿಯವ, ಚಾಕು ಸಾಣೆಯವ, ಬೆಳ್ಳುಳ್ಳಿ ಮಾರುವವಳು. ಪೋಲೆಂಡಿನ ಕ್ರಾಕೊವ್‌ನಲ್ಲಿ ಚಳಿಗಾಲದಲ್ಲಿ ಕೆಲಸವಿಲ್ಲದ ಗಾರೆಯವರು ಬೆಳೆಸಿದ ಶೋಪ್ಕಾ ಕಲೆ ಇನ್ನೊಂದು ಬಗೆ: ರಟ್ಟು ಮತ್ತು ಹೊಳೆಯುವ ಬಣ್ಣದ ಹಾಳೆಯಲ್ಲಿ ಆ ನಗರದ ಗೋಪುರಗಳನ್ನೇ ಎಬ್ಬಿಸಿ ಅದರೊಳಗೆ ಪುಟ್ಟ ಕೂಸನ್ನಿಡುತ್ತಾರೆ. 1937ರಲ್ಲಿ ಶುರುವಾದ ಅದರ ಸ್ಪರ್ಧೆ ಇಂದಿಗೂ ನಡೆಯುತ್ತದೆ; 2018ರಲ್ಲಿ ಈ ಕಲೆ ಯುನೆಸ್ಕೋ ಪಟ್ಟಿಗೆ ಸೇರಿತು. ಗೋವೆಯಲ್ಲಿ ಹುಟ್ಟಿದ ಆಂಜೆಲೊ ದ ಫೊನ್ಸೆಕಾ ಮರಿಯಳಿಗೆ ಸೀರೆ ಉಡಿಸಿ ಚಿತ್ರ ಬರೆದದ್ದೂ ಇದೇ ದಾರಿಯಲ್ಲಿ.

ನಿಖರತೆಯ ಹಾದಿ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೂತ್ರಕ್ಕೆ ತದ್ವಿರುದ್ಧ ಪ್ರಯತ್ನವೊಂದು ನಡೆಯಿತು. ಫ್ರೆಂಚ್ ಚಿತ್ರಕಾರ ಜೇಮ್ಸ್ ಟಿಸ್ಸೊ 1886ರಿಂದ ಪ್ಯಾಲೆಸ್ಟೈನ್‌ಗೆ ಹೋಗಿ ಅಲ್ಲಿನ ಜನ, ಉಡುಪು, ಕಟ್ಟಡ, ಬೆಟ್ಟಗಳನ್ನು ಬರೆದುಕೊಂಡು ಬಂದು ಕ್ರಿಸ್ತನ ಜೀವನದ 350 ಜಲವರ್ಣ ಚಿತ್ರಗಳನ್ನು ರಚಿಸಿದ. ಅವು ಈಗ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಿನಲ್ಲಿವೆ. ಯುರೋಪಿನ ಹಿಮ, ಹುಲ್ಲಿನ ಮಾಡು ಅಲ್ಲಿಲ್ಲ. ಒಣನೆಲ, ಕಲ್ಲು, ಬಿಸಿಲು ಇವೆ. ಆದರೆ ಟಿಸ್ಸೊ ಕಂಡದ್ದು ಆಟೊಮನ್ ಆಳ್ವಿಕೆಯ ಪ್ಯಾಲೆಸ್ಟೈನ್. ಪೂರ್ವದೇಶದಲ್ಲಿ ಎರಡು ಸಾವಿರ ವರ್ಷ ಏನೂ ಬದಲಾಗಿಲ್ಲವೆಂಬುದು ಆ ಕಾಲದ ಯುರೋಪಿನ ನಂಬಿಕೆ. ನಿಖರವಾಗಬೇಕೆಂಬ ಹಂಬಲಕ್ಕೂ ಅದರದೇ ಕಾಲದ ಬಣ್ಣ ಹತ್ತಿರುತ್ತದೆ. ಹಾಗೆಂದು ಆ ಹಾದಿ ವ್ಯರ್ಥವಲ್ಲ: ಬಿಳಿಚರ್ಮದ, ಹೊಂಗೂದಲ ಕೂಸಿಗೆ ಒಗ್ಗಿದ ಕಣ್ಣಿಗೆ ಯೇಸು, ಮರಿಯ, ಜೋಸೆಫ್ ಯೆಹೂದ್ಯರು ಎಂಬುದನ್ನು ನೆನಪಿಸುವ ಕೆಲಸ ಇತಿಹಾಸದ್ದೇ.

ನೋಡುವ ಕ್ರಮ

ಹೊಸ ನೋಡುಗ ಗೋದಲಿಯ ಮುಂದೆ ನಾಲ್ಕು ಹಂತಗಳಲ್ಲಿ ಸಾಗಬಹುದು. ಮೊದಲು ಮೂಲವನ್ನು ಬೇರ್ಪಡಿಸಬೇಕು: ಲೂಕನವರು ಯಾರು, ಮತ್ತಾಯನವರು ಯಾರು, ಆಮೇಲೆ ಬಂದವರು ಯಾರು. ಎರಡನೆಯದಾಗಿ ನೋಟದ ಗೆರೆಗಳನ್ನು ಹಿಡಿಯಬೇಕು: ಗೊಂಬೆಗಳ ಮುಖ, ಕೈ, ದೀಪದ ಬೆಳಕು ಕೂಸಿನ ಕಡೆಗೆ ಒಯ್ಯುತ್ತವೆಯೋ, ಅಲಂಕಾರದಲ್ಲಿ ದಾರಿ ತಪ್ಪಿಸುತ್ತವೆಯೋ? ಮೂರನೆಯದಾಗಿ ಊರನ್ನು ಹುಡುಕಬೇಕು: ಯಾವ ಊರಿನ ಬಟ್ಟೆ, ಯಾವ ಊರಿನ ಕಸುಬು, ಯಾವ ಊರಿನ ಮಣ್ಣು ಇಲ್ಲಿದೆ? ಕೊನೆಯದಾಗಿ ಸೇರಿಸಿದ್ದಕ್ಕೆ ಅರ್ಥವಿದೆಯೇ ಎಂದು ಕೇಳಬೇಕು.

ಈ ಕೊನೆಯ ಪ್ರಶ್ನೆಯಿಂದಲೇ ಗುಣ ತೀರ್ಮಾನವಾಗುವುದು. ನೇಪಲ್ಸಿನ ಮೀನಿನವಳು ಬೆತ್ಲೆಹೇಮಿನಲ್ಲಿ ಇದ್ದಿರಲಾರಳು, ಆದರೆ ಸಾಮಾನ್ಯರ ನಡುವೆಯೇ ಜನನವಾಯಿತೆಂಬ ಲೂಕನ ಮಾತನ್ನು ಆಕೆ ಮುಂದುವರಿಸುತ್ತಾಳೆ. ಎಲ್ಲೋ ಕಂಡ ಚಿತ್ರದ ಗುರುತಿನಲ್ಲಿ ಮಾಡಿನ ಮೇಲೆ ಹತ್ತಿಯ ಹಿಮ ಹರಡಿದರೆ ಅದು ಬೆತ್ಲೆಹೇಮಿನದೂ ಅಲ್ಲ, ಮಾಡಿದವರ ಊರಿನದೂ ಅಲ್ಲ. 2020ರಲ್ಲಿ ವ್ಯಾಟಿಕನ್ನಿನ ಸಂತ ಪೇತ್ರರ ಚೌಕದಲ್ಲಿ ಇಟ್ಟ ಕಾಸ್ತೆಲ್ಲಿ ಊರಿನ ಪಿಂಗಾಣಿ ಗೋದಲಿಯಲ್ಲಿ ಗಗನಯಾತ್ರಿಯೊಬ್ಬನಿದ್ದ. ತೀವ್ರ ಟೀಕೆಯೂ ಬಂತು. ಆ ಗೊಂಬೆಗಳನ್ನು 1965ರಿಂದ 1975ರ ನಡುವೆ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಶಕದಲ್ಲಿ, ಅಲ್ಲಿನ ಕಲಾಶಾಲೆಯವರು ಮಾಡಿದ್ದರೆಂದು ತಿಳಿದವರು ಅವನನ್ನೂ ಕುರುಬರ ಸಾಲಿನಲ್ಲಿ ನಿಲ್ಲಿಸಿ ನೋಡಬಲ್ಲರು, ಒಪ್ಪದೆಯೂ ಇರಬಲ್ಲರು. ಇತಿಹಾಸದ ತಿಳಿವಳಿಕೆ ಗೊಂಬೆಯನ್ನು ಹೊರಗೆ ಹಾಕುವುದಕ್ಕಿಂತ, ಅದು ಯಾವ ಹಕ್ಕಿನಿಂದ ಒಳಗೆ ಬಂತು ಎಂದು ಅಳೆಯುವುದಕ್ಕೆ ಹೆಚ್ಚು ಉಪಯುಕ್ತ.