ಹಳೆಯ ದೋಣಿ, ಹೊಸ ಹಲಗೆ

ಸಾಹಸದ ಪುಸ್ತಕ ಕೈಗೆತ್ತಿಕೊಂಡವರು ಸಾಮಾನ್ಯವಾಗಿ ಬಿರುಗಾಳಿಯನ್ನು ಹುಡುಕುತ್ತಾರೆ. ಬಿರುಗಾಳಿಗೆ ಮುಂಚೆ ಒಬ್ಬ ಮನುಷ್ಯ ಉಳಿ ಬಾಚಿ ಹಿಡಿದು ಕಳೆದ ತಿಂಗಳುಗಳ ವಿಷಯ ಬಂದರೆ ಬೇಗ ಬೇಗ ಪುಟ ತಿರುವುತ್ತಾರೆ. ನಾನೂ ಹಾಗೆಯೇ ಮಾಡಿದವನು. ಕ್ಯಾಪ್ಟನ್ ಜೋಷುವಾ ಸ್ಲೋಕಮ್ 1900ರಲ್ಲಿ ಪ್ರಕಟಿಸಿದ ‘ಸೇಲಿಂಗ್ ಅಲೋನ್ ಅರೌಂಡ್ ದಿ ವರ್ಲ್ಡ್’ ಎಂಬ ಪ್ರವಾಸಕಥನವನ್ನು ಕಾಲೇಜಿನ ದಿನಗಳಲ್ಲಿ ಓದಿದಾಗ ನೆನಪಿನಲ್ಲಿ ಉಳಿದದ್ದು ಮೆಗಲನ್ ಜಲಸಂಧಿಯ ಗಾಳಿ ಮಾತ್ರ. ಅದೇ ಪುಸ್ತಕವನ್ನು ಕಳೆದ ಮಳೆಗಾಲದಲ್ಲಿ ಮತ್ತೆ ಓದಿದೆ. ಈ ಸಲ ಮನಸ್ಸು ನಿಂತದ್ದು ಮೊದಲ ಅಧ್ಯಾಯದಲ್ಲಿ, ಹೊಲವೊಂದರಲ್ಲಿ ಊರುಗೋಲು ಕೊಟ್ಟು ನಿಲ್ಲಿಸಿದ್ದ ಒಂದು ಮುದಿ ದೋಣಿಯ ಬಳಿ.

ಹೀಗಾದದ್ದಕ್ಕೆ ಓದಿದ ಜಾಗವೂ ಕಾರಣವಿರಬೇಕು. ನರಸಿಂಹರಾಜಪುರದ ಕಡೆಯ ಸೀತೂರಿನಲ್ಲಿ ಸೋದರಮಾವನ ಮನೆ. ಅಲ್ಲಿಂದ ಕಡಲು ಕಾಣುವುದಿಲ್ಲ. ಕಾಣುವುದು ಅಡಕೆ ತೋಟ, ಗುಡ್ಡ, ಮಳೆ. ಸೂರಿನಿಂದ ಬಿದ್ದ ನೀರು ಹಳ್ಳ ಹಿಡಿದು, ಹೊಳೆ ಸೇರಿ, ತುಂಗಭದ್ರೆ ಕೃಷ್ಣೆಯರ ದಾರಿಯಲ್ಲಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಾನು ಹೋದಾಗ ಮಾವನ ಮನೆಯ ಮಾಡು ಬಿಚ್ಚಬೇಕೋ, ಮನೆಯನ್ನೇ ಕೆಡವಿ ತಾರಸಿ ಹಾಕಿಸಬೇಕೋ ಎಂಬ ಚರ್ಚೆ ನಡೆದಿತ್ತು. ಬೆಂಗಳೂರಿನ ಮಕ್ಕಳು ಕೆಡವುವ ಪಕ್ಷ. ಮಾವ ಏನೂ ಹೇಳದ ಪಕ್ಷ. ಬಡಗಿ ಆಚಾರ್ರು ತೊಲೆಯ ತುದಿಗೆ ಚಾಕು ಚುಚ್ಚಿ ನೋಡುತ್ತಿದ್ದರು. ಗೋಡೆಯೊಳಕ್ಕೆ ಹೋಗುವ ಕಡೆ ಚಾಕು ಬೆಣ್ಣೆಗೆ ಹೋದಂತೆ ಹೋಯಿತು; ಮೊಳದಾಚೆ ಕಬ್ಬಿಣಕ್ಕೆ ತಾಗಿದಂತೆ ನಿಂತಿತು. ಒಟ್ಟು ಖರ್ಚೆಷ್ಟಾದೀತು ಎಂದು ಕೇಳಿದೆ. “ಬಿಚ್ಚಿ ನೋಡದೆ ಲೆಕ್ಕ ಹೇಳಿದ್ರೆ ಅದು ಸುಳ್ಳು ಲೆಕ್ಕ, ರಾಯರೇ” ಎಂದರು. ಆ ರಾತ್ರಿ ಸ್ಲೋಕಮನ ಪುಸ್ತಕ ತೆರೆದಾಗ ಅದರ ಮೊದಲ ಅಧ್ಯಾಯ ಆಚಾರ್ರ ಮಾತಿಗೆ ಬರೆದ ವ್ಯಾಖ್ಯಾನದಂತೆ ಕಂಡಿತು.

ಸ್ಲೋಕಮ್ 1844ರಲ್ಲಿ ನೋವಾ ಸ್ಕೋಷಿಯದಲ್ಲಿ ಹುಟ್ಟಿದವನು. ದೊಡ್ಡ ಹಾಯಿಹಡಗುಗಳ ಕಪ್ತಾನನಾಗಿ ಬೆಳೆದವನು. ಅವನ ನಡುವಯಸ್ಸಿಗೆ ಹಬೆಯ ಹಡಗುಗಳು ಕಡಲನ್ನು ಆಕ್ರಮಿಸಿದುವು. 1887ರಲ್ಲಿ ಅವನ ಸ್ವಂತ ಹಡಗು ‘ಆಕ್ವಿಡ್ನೆಕ್’ ಬ್ರೆಜಿಲಿನ ತೀರದಲ್ಲಿ ಒಡೆಯಿತು. 1892ರ ಚಳಿಗಾಲದಲ್ಲಿ ಬಾಸ್ಟನ್ನಿನಲ್ಲಿ ಕೆಲಸವಿಲ್ಲದೆ ನಿಂತಿದ್ದಾಗ, ಈಬೆನ್ ಪಿಯರ್ಸ್ ಎಂಬ ತಿಮಿಂಗಿಲ ಬೇಟೆಯ ಹಳೆಯ ಕಪ್ತಾನ ಅವನಿಗೊಂದು ‘ಹಡಗು’ ಕೊಡುವೆನೆಂದ. ಸ್ವಲ್ಪ ರಿಪೇರಿ ಬೇಕು ಎಂದೂ ಸೇರಿಸಿದ. ಸ್ಲೋಕಮ್ ಫೇರ್‌ಹೇವನ್ನಿಗೆ ಹೋಗಿ ನೋಡಿದರೆ, ನೀರಿನಿಂದ ದೂರದ ಹೊಲದಲ್ಲಿ ಕ್ಯಾನ್ವಾಸು ಹೊದ್ದು ನಿಂತಿತ್ತು ‘ಸ್ಪ್ರೇ’. ಸುತ್ತಿನವರೆಲ್ಲ ಇವನು ಅದನ್ನು ಒಡೆದು ಮಾರಲು ಬಂದವನೆಂದೇ ತಿಳಿದರು. ಇಲ್ಲ, ಮತ್ತೆ ಕಟ್ಟುತ್ತೇನೆ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಗಿಟ್ಟುತ್ತದೆಯೆ? ಸೀತೂರಿನಲ್ಲೂ ಮಾವನನ್ನು ನೆರೆಯವರು ಕೇಳುತ್ತಿದ್ದುದು ಅದನ್ನೇ.

ಪುಕ್ಕಟೆ ಸಿಕ್ಕ ದೋಣಿಯ ಬೆಲೆಯನ್ನು ಸ್ಲೋಕಮ್ ಮರೆಮಾಚುವುದಿಲ್ಲ. ಸಾಮಾನಿಗೆ 553 ಡಾಲರು 62 ಸೆಂಟು, ಜೊತೆಗೆ ತನ್ನದೇ ಮೈಯ ಹದಿಮೂರು ತಿಂಗಳ ದುಡಿಮೆ. ಬಂದರಿನಲ್ಲಿ ಆಗಾಗ ಹಡಗಿನ ಕೂಲಿಕೆಲಸ ಸಿಕ್ಕಿ ಕಾಲ ಇನ್ನಷ್ಟು ಎಳೆಯಿತು. ಸಮೀಪದಲ್ಲೇ ಒಂದು ಓಕ್ ಮರ ಕಡಿದು ದೋಣಿಯ ಅಡಿಮರ ಮಾಡಿದ. ಬಾಗುಮರಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದ. ಒಂದೂವರೆ ಅಂಗುಲ ದಪ್ಪದ ಜಾರ್ಜಿಯ ಪೈನ್ ಹಲಗೆ ಹೊದಿಸಿ ಸಂದಿಗೆ ಹತ್ತಿ, ನಾರು ಬಡಿದ. ಗಮನಿಸಬೇಕಾದ ಮಾತೆಂದರೆ, ಈ ಲೆಕ್ಕ ಬಂದದ್ದು ಕೆಲಸ ಮುಗಿದ ಮೇಲೆ. ಹಳೆಯ ದೋಣಿಯಾಗಲಿ ಹಳೆಯ ಮನೆಯಾಗಲಿ, ಕೊಳ್ಳುವ ದಿನದ ಬೆಲೆ ಬರಿಯ ಮುಂಗಡ. ಮರವನ್ನು ಕೆಡಿಸುವುದು ಉಪ್ಪುನೀರಲ್ಲ, ಮಳೆಯ ಸಿಹಿನೀರು. ಅದು ಮೇಲಿನಿಂದ ಇಳಿದು, ಗಾಳಿಯಾಡದ ಮೂಲೆಯಲ್ಲಿ ನಿಂತು, ಬಣ್ಣದ ಹಿಂದೆ ಮರೆಯಾಗಿ ಕೆಲಸ ಮಾಡುತ್ತದೆ. ಹೊಸ ಬಣ್ಣ ಬಳಿದ ಹಳೆಯ ದೋಣಿಯನ್ನು ಕೊಳ್ಳುವವನು ಚಾಕು ಮರೆತು ಹೋಗಬಾರದು.

ಇಲ್ಲಿ ಸ್ಲೋಕಮ್ ಒಂದು ಸ್ವಾರಸ್ಯದ ಪ್ರಶ್ನೆಯೆತ್ತುತ್ತಾನೆ. ಒಂದೊಂದೇ ಹಲಗೆ ಬದಲಾಯಿಸುತ್ತ ಹೋದಾಗ ಹಳೆಯ ‘ಸ್ಪ್ರೇ’ ಎಲ್ಲಿ ಸತ್ತಿತು, ಹೊಸದು ಎಲ್ಲಿ ಹುಟ್ಟಿತು? ಗೆರೆಯೆಳೆಯಲು ಆಗದು ಎನ್ನುತ್ತಾನೆ. ಹಡಗುಗಳ ದಾಖಲೆಯಲ್ಲಿ ಹೆಸರು ಒಂದೇ ಆಗಿ ಮುಂದುವರಿಯುತ್ತದೆಂದು ನೆನಪಿಸುತ್ತಾನೆ. ತತ್ತ್ವಶಾಸ್ತ್ರಜ್ಞರು ಇದನ್ನು ಒಗಟಾಗಿ ಚರ್ಚಿಸಿದ್ದಾರೆ. ಬಡಗಿಗೆ ಇದು ಒಗಟಲ್ಲ. ಹಳೆಯ ಹಲಗೆ ಕೈಯಲ್ಲಿರುವಾಗ ಅದರ ಅಳತೆಯಲ್ಲೇ ಹೊಸದನ್ನು ಕೊರೆಯುತ್ತಾನೆ. ಹಾಗೆ ಅಳತೆ ದಾಟಿ ಬರುವುದರಿಂದಲೇ ದೋಣಿ ಅದೇ ದೋಣಿ. ಸಂಪ್ರದಾಯವೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ನನಗೆ ತಿಳಿಯದು.

ದುರಸ್ತಿ ಹೊರಡುವ ದಿನಕ್ಕೆ ಮುಗಿಯುವುದಿಲ್ಲ ಎಂಬುದೂ ಈ ಪುಸ್ತಕದ ಪಾಠ. 1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟ ದೋಣಿ ಬ್ಯೂನಸ್ ಐರಿಸ್ ತಲುಪಿದಾಗ ಹಾಯಿಕಂಬವನ್ನು ಏಳು ಅಡಿ ಮೊಟಕು ಮಾಡಿದ. ಮೆಗಲನ್ ಜಲಸಂಧಿಯಲ್ಲಿ ಹಿಂಬದಿಗೆ ಒಂದು ಚಿಕ್ಕ ಹಾಯಿ ಸೇರಿಸಿದ. ಸುಧಾರಣೆಯೆಂದರೆ ಹೆಚ್ಚಿಸುವುದೆಂದು ನಾವು ತಿಳಿದಿದ್ದೇವೆ. ಅವನು ಮೊದಲು ಕತ್ತರಿಸಿದ. ಕಾಲಮಾಪಕ ಗಡಿಯಾರವನ್ನು ಸರಿಮಾಡಿಸಲು 15 ಡಾಲರು ಎಂದಾಗ ಅದನ್ನು ಬಿಟ್ಟು, ಮುಖ ಒಡೆದ ತಗಡಿನ ಗಡಿಯಾರವನ್ನು ಒಂದು ಡಾಲರಿಗೆ ಕೊಂಡ. ಆ ಗಡಿಯಾರವನ್ನೇ ಇಟ್ಟುಕೊಂಡು, ಸುಮಾರು 46,000 ಮೈಲಿ ಸುತ್ತಿ, 1898ರ ಜೂನ್ 27ರಂದು ನ್ಯೂಪೋರ್ಟಿಗೆ ಮರಳಿದ. ಒಂಟಿಯಾಗಿ ಭೂಮಿಯನ್ನು ಸುತ್ತಿದ ಮೊದಲಿಗನಾದ.

ಹಳೆಯ ದೋಣಿಯ ಈ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯ ಹಾಯಿದೋಣಿ, ನಮ್ಮ ಸೈನ್ಯದ ಎಂಜಿನಿಯರುಗಳ ‘ತೃಷ್ಣಾ’, ಇಂಗ್ಲೆಂಡಿನಲ್ಲಿ ಕೊಂಡ 37 ಅಡಿಯ ಬಳಸಿದ ದೋಣಿಯೇ. ಅದು 1985ರಲ್ಲಿ ಹೊರಟು 1987ರ ಜನವರಿಯಲ್ಲಿ ಮುಂಬಯಿ ಮುಟ್ಟಿತು. 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಹಾಯಿಕಂಬ ಮುರಿದು, ಬೆನ್ನುಮೂಳೆ ನೊಂದು ಬದುಕಿ ಬಂದ ಅಭಿಲಾಷ್ ಟಾಮಿ ಅದೇ ಪಂದ್ಯದಲ್ಲಿ 2023ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಸೇರಿದ್ದೂ ಹಳೆಯ ಮಾದರಿಯ 36 ಅಡಿಯ ದೋಣಿಯಲ್ಲೇ.

ಇಷ್ಟು ಮೆಚ್ಚಿದ ಮೇಲೆ ಪುಸ್ತಕದ ಕೊರತೆಯನ್ನೂ ಹೇಳಬೇಕು. ಸ್ಲೋಕಮ್ ತನ್ನ ದೋಣಿಯ ಗುಣಗಾನದಲ್ಲಿ ಎಚ್ಚರ ತಪ್ಪುತ್ತಾನೆ. ಚುಕ್ಕಾಣಿ ಕಟ್ಟಿಹಾಕಿ 2,700 ಮೈಲಿ ಸಾಗಿದ್ದನ್ನು ಓದಿದವರು ‘ಸ್ಪ್ರೇ’ಯ ಪಡಿಯಚ್ಚುಗಳನ್ನು ಕಟ್ಟಿಸಿದರು. ಅಗಲ ಹೆಚ್ಚು, ಆಳ ಕಡಮೆ, ಭಾರವೆಲ್ಲ ಹೊಟ್ಟೆಯೊಳಗೇ ಇದ್ದ ಅಂಥ ದೋಣಿ ಒಮ್ಮೆ ಮಗುಚಿದರೆ ತಾನಾಗಿ ಏಳಲಾರದೆಂದು ವಿನ್ಯಾಸಗಾರರು ಮುಂದೆ ಎಚ್ಚರಿಸಬೇಕಾಯಿತು. ಪುಸ್ತಕ ಹೇಳಲಾರದ ಇನ್ನೊಂದು ಸಂಗತಿಯುಂಟು. ಮರಳಿದ ಮೇಲಿನ ವರ್ಷಗಳಲ್ಲಿ ಕಪ್ತಾನನಿಗೆ ವಯಸ್ಸಾಯಿತು. ದೋಣಿಯ ಆರೈಕೆ ಕಡಮೆಯಾಯಿತು. ಕೊನೆಯ ಸಲ ಒಂಟಿಯಾಗಿ ದಕ್ಷಿಣಕ್ಕೆ ಹೊರಟ ಸ್ಲೋಕಮ್ ಆಗಲಿ, ‘ಸ್ಪ್ರೇ’ಯಾಗಲಿ ಮತ್ತೆ ಕಾಣಲಿಲ್ಲ. 1924ರಲ್ಲಿ ನ್ಯಾಯಾಲಯ ಅವನು ಸತ್ತನೆಂದು ಘೋಷಿಸಿತು. ಅವನ ಕೈಯಿಂದಲೇ ಎರಡನೆಯ ಹುಟ್ಟು ಪಡೆದ ದೋಣಿಗೆ ಆ ಕೈ ಸೋತಾಗ ಬೇರೆ ಕೈ ಇರಲಿಲ್ಲ. ಮೊದಲ ಅಧ್ಯಾಯದ ಉಲ್ಲಾಸವನ್ನು ಈ ಕೊನೆಯನ್ನು ತಿಳಿದು ಓದಬೇಕು.

ನಮ್ಮ ಸಾಹಿತ್ಯಕ್ಕೆ ದೋಣಿ ಹೊಸದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ನೆರೆಯುಕ್ಕಿದ ತುಂಗೆಯನ್ನು ದಾಟುವಾಗ ಗುತ್ತಿಯ ನಾಯಿ ಹುಲಿಯ ಹೊಳೆಯ ಪಾಲಾಗುವ ಭಾಗವನ್ನು ಓದಿದವರು ಮರೆಯಲಾರರು. ಆದರೆ ಒಟ್ಟಾರೆ ನಮ್ಮ ಬರವಣಿಗೆಯಲ್ಲಿ ದೋಣಿ ದಾಟಿಸುತ್ತದೆ, ಇಲ್ಲವೆ ಮುಳುಗಿಸುತ್ತದೆ; ಬೇಸಗೆಯಲ್ಲಿ ಅದನ್ನು ಮಗುಚಿ ಹಾಕಿ ಎಣ್ಣೆ ಉಜ್ಜಿದವನು ತೆರೆಯ ಹಿಂದೆಯೇ ಉಳಿಯುತ್ತಾನೆ. ನಮ್ಮ ಘಟ್ಟದ ಕಾಡಿನ ಸುರಹೊನ್ನೆ ಜಾತಿಯ ನೀಳಮರಗಳು ಕರಾವಳಿಗಿಳಿದು ಹಾಯಿಕಂಬಗಳಾದುವು. ಮಂಗಳೂರಿನ ಹಳೆಯ ಬಂದರಿನ ಮಂಜಿಗಳನ್ನು ತಲೆಮಾರುಗಳ ಬಡಗಿಗಳು ಕಾಪಾಡಿಕೊಂಡು ಬಂದರು. ಈ ಕೆಲಸದ ಗದ್ಯ ನಮ್ಮಲ್ಲಿ ಇನ್ನೂ ಹುಲುಸಾಗಿ ಬೆಳೆಯಬೇಕು. ಕಟ್ಟಿದ್ದನ್ನೂ ಕೆಡವಿದ್ದನ್ನೂ ಹಾಡುವುದು ಸುಲಭ; ಉಳಿಸಿಕೊಂಡದ್ದನ್ನು ಬರೆಯಲು ಲೆಕ್ಕದ ಪುಸ್ತಕದ ಪ್ರಾಮಾಣಿಕತೆ ಬೇಕು. ಸ್ಲೋಕಮನಲ್ಲಿ ಅದು ಅರುವತ್ತೆರಡು ಸೆಂಟಿನವರೆಗೂ ಇದೆ.

ಮಾವನ ಮನೆಯ ಮಾಡು ಮಳೆ ಬಿಟ್ಟ ಮೇಲೆ ಬಿಚ್ಚಿದರಂತೆ. ಹನ್ನೊಂದು ತೊಲೆಗಳಲ್ಲಿ ನಾಲ್ಕು ಹೋಗಿದ್ದುವು, ಏಳು ಉಳಿದುವು. ಲೆಕ್ಕ ಇನ್ನೂ ಮುಗಿದಿಲ್ಲ. ಬೆಂಗಳೂರಿನ ಹಿರಿಯ ಮಗ ಎರಡು ಭಾನುವಾರ ಹೋಗಿ ಆಚಾರ್ರ ಜೊತೆ ತೊಲೆಯ ಇನ್ನೊಂದು ತುದಿ ಹಿಡಿದನೆಂದು ಅತ್ತೆ ಫೋನಿನಲ್ಲಿ ಹೇಳಿದರು. ಗಿಟ್ಟುತ್ತದೆಯೆ ಎಂದು ಈಗ ಅವನು ಕೇಳುತ್ತಿಲ್ಲವಂತೆ.