ದಂಡಿನ ಅಧಿಕಾರಿಯ ಕ್ಯಾಮರಾ: ಲಿನೇಯಸ್ ಟ್ರೈಪನ ಛಾಯಾಚಿತ್ರಗಳ ಸಾಕ್ಷ್ಯಮೌಲ್ಯ

ಶಾಸನವೊಂದು ದೊರೆತಾಗ ಅದರ ಲಿಪಿ, ಕಾಲ, ಬರೆಯಿಸಿದವನು, ಬರೆಯಿಸಿದ ಸಂದರ್ಭ ಇವನ್ನೆಲ್ಲ ವಿಚಾರಿಸಿದ ಮೇಲೆಯೇ ನಾವು ಅದನ್ನು ಆಧಾರವಾಗಿ ಸ್ವೀಕರಿಸುತ್ತೇವೆ. ಕೈಫಿಯತ್ತುಗಳ ವಿಷಯದಲ್ಲಂತೂ ನಮ್ಮ ಎಚ್ಚರಿಕೆ ಇನ್ನೂ ಹೆಚ್ಚಿನದು. ಆದರೆ ಹಳೆಯ ಛಾಯಾಚಿತ್ರವೊಂದು ಕೈಗೆ ಬಂದಾಗ ಈ ಎಚ್ಚರಿಕೆ ಸಡಿಲವಾಗುತ್ತದೆ. ಯಂತ್ರವು ಸುಳ್ಳು ಹೇಳಲಾರದೆಂಬ ನಂಬಿಕೆಯೇ ಇದಕ್ಕೆ ಕಾರಣ. ಈ ನಂಬಿಕೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು, ಬೆಂಗಳೂರಿನ ದಂಡಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಅಧಿಕಾರಿಯ ಚಿತ್ರಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಟ್ರೈಪ್ ಹುಟ್ಟಿದ್ದು 1822ರಲ್ಲಿ, ಇಂಗ್ಲೆಂಡಿನ ಡೆವನ್‌ಪೋರ್ಟಿನಲ್ಲಿ. ಹದಿಹರೆಯದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯವನ್ನು ಸೇರಿದ ಈತ, ದೀರ್ಘ ರಜೆಯ ಮೇಲೆ ಸ್ವದೇಶಕ್ಕೆ ಹೋಗಿದ್ದಾಗ ಛಾಯಾಚಿತ್ರಣವನ್ನು ಕಲಿತನು. 1853ರಲ್ಲಿ ಲಂಡನ್ನಿನ ಛಾಯಾಚಿತ್ರ ಸಂಘದ ಸದಸ್ಯನಾದನು. ಮರುವರ್ಷ ಕ್ಯಾಪ್ಟನ್ ಪದವಿಯಲ್ಲಿ ಬೆಂಗಳೂರಿಗೆ ಹಿಂದಿರುಗಿ, ಅದೇ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳಿಗೆ ಕ್ಯಾಮರಾ ಕೊಂಡೊಯ್ದನು. ಇದು ಸರ್ಕಾರದ ಆಜ್ಞೆಯಿಂದ ನಡೆದ ಕೆಲಸವಲ್ಲ. ಬಿಡುವಿನ ದಿನಗಳಲ್ಲಿ ಸ್ವಂತ ಆಸಕ್ತಿಯಿಂದ ಕೈಗೊಂಡದ್ದು. 1855ರ ಮದರಾಸು ಪ್ರದರ್ಶನದಲ್ಲಿ ಇಟ್ಟ ಇವನ 68 ಚಿತ್ರಗಳು ತೀರ್ಪುಗಾರರ ಮೆಚ್ಚಿಕೆ ಪಡೆದವು. ಹೊಯ್ಸಳ ಶಿಲ್ಪದ ಅತ್ಯಂತ ಪ್ರಾಚೀನ ಛಾಯಾಚಿತ್ರಗಳ ಸಾಲಿಗೆ ಸೇರತಕ್ಕ ಕೃತಿಗಳು ಹೀಗೆ ಒಬ್ಬ ಸೈನಿಕನ ವಿರಾಮದಿಂದ ಹುಟ್ಟಿದವು.

ಆ ಮೆಚ್ಚಿಕೆಯ ಬೆನ್ನಲ್ಲಿಯೇ ವಿರಾಮವು ಉದ್ಯೋಗವಾಗಿ ಮಾರ್ಪಟ್ಟಿತು. 1852ರ ಯುದ್ಧದಲ್ಲಿ ಪೆಗು ಪ್ರಾಂತವನ್ನು ಕಳೆದುಕೊಂಡಿದ್ದ ಬರ್ಮಾದ ಮಿಂಡನ್ ದೊರೆಯ ಬಳಿಗೆ ಗವರ್ನರ್ ಜನರಲ್ ಡಾಲ್‌ಹೌಸಿಯು 1855ರಲ್ಲಿ ಆರ್ಥರ್ ಫೇರ್‌ನ ನೇತೃತ್ವದಲ್ಲಿ ನಿಯೋಗವೊಂದನ್ನು ಕಳುಹಿಸಿದನು. ಹೆನ್ರಿ ಯೂಲ್ ಅದರ ಕಾರ್ಯದರ್ಶಿ. ಟ್ರೈಪ್ ಅದರ ಛಾಯಾಗ್ರಾಹಕ. ಹಳೇಬೀಡಿನಲ್ಲಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ತಾನೇ ನಿಶ್ಚಯಿಸುತ್ತಿದ್ದವನು ಇಲ್ಲಿ ನಿಯೋಗದ ಪ್ರಯಾಣಕ್ರಮಕ್ಕೆ ಅಧೀನನಾದನು. ಮಳೆಗಾಲದ ಮೋಡ, ಅನಾರೋಗ್ಯ, ಐರಾವತಿ ನದಿಯ ಮೇಲಣ ಪಯಣ ಇವುಗಳ ನಡುವೆ ಅವನಿಗೆ ದೊರೆತ ಕೆಲಸದ ದಿನಗಳು ಕೆಲವೇ. ಬೆಂಗಳೂರಿಗೆ ಮರಳಿದ ಮೇಲೆ 120 ಚಿತ್ರಗಳ 50 ಪ್ರತಿಗಳನ್ನು ಸಿದ್ಧಪಡಿಸಬೇಕಾಯಿತು. ಎಂದರೆ 6,000 ಹಾಳೆಗಳನ್ನು ಒಂದೊಂದಾಗಿ ಬಿಸಿಲಿಗೆ ಒಡ್ಡಿ ಮುದ್ರಿಸಿದ್ದಾಯಿತು. ಇದು ಒಬ್ಬನ ಕೈಯಿಂದ ಆಗತಕ್ಕ ಕೆಲಸವಲ್ಲ. ಆದರೂ ಚಿತ್ರಗಳ ಮೇಲಿರುವುದು ಟ್ರೈಪನ ಹೆಸರೊಂದೇ. ದೇವಾಲಯವನ್ನು ಕಟ್ಟಿಸಿದವನ ಹೆಸರನ್ನು ಓದಿ ತೃಪ್ತರಾಗದೆ ರೂವಾರಿಯ ಹೆಸರನ್ನೂ ಹುಡುಕುವ ನಾವು ಇಲ್ಲಿಯೂ ಆ ಪ್ರಶ್ನೆಯನ್ನು ಕೇಳಬೇಕು.

ಇನ್ನು ಕೆಲಸದ ವಿಧಾನ. ಟ್ರೈಪ್ ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಗಾಜಿನ ಮೇಲಣ ಕೊಲೋಡಿಯನ್ ಲೇಪವು ಹಸಿಯಾಗಿರುವಾಗಲೇ ಚಿತ್ರ ತೆಗೆದು ಮುಗಿಸಬೇಕು. ಮೇಣದ ಕಾಗದವನ್ನಾದರೋ ಮುಂಚಿತವಾಗಿ ಅಣಿಮಾಡಿ, ಚಿತ್ರ ತೆಗೆದ ಮೇಲೂ ಕೆಲಕಾಲ ಇಟ್ಟು ಸಂಸ್ಕರಿಸಬಹುದು. ಗಾಡಿಯಲ್ಲಿ ಊರೂರು ಸುತ್ತುವ ಸೈನಿಕನಿಗೆ ಇದು ಅನುಕೂಲ. ಆದರೆ ಈ ಅನುಕೂಲಕ್ಕೆ ಬೆಲೆಯುಂಟು. ಕಾಗದವು ಬೆಳಕನ್ನು ಗ್ರಹಿಸಲು ನಿಮಿಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ನಡೆದುಹೋಗುವ ಮನುಷ್ಯನು ಚಿತ್ರದಲ್ಲಿ ಮೂಡುವುದಿಲ್ಲ, ಆಕಾಶವು ಬರಿದಾಗುತ್ತದೆ. ಆ ಬರಿಯ ಆಕಾಶವನ್ನು ಸಹಿಸದ ಟ್ರೈಪ್ ನೆಗೆಟಿವಿನ ಮೇಲೆ ಬಣ್ಣ ಬಳಿದು ಮೋಡಗಳನ್ನು ಬರೆದನು. ಗಿಡಮರಗಳ ಎಲೆಗಳನ್ನೂ ತಿದ್ದಿದನು.

ಇಲ್ಲಿಯೇ ನಮ್ಮ ವಿಮರ್ಶೆಯ ಮುಖ್ಯ ಪ್ರಶ್ನೆ ಏಳುತ್ತದೆ. ಬಿಡುವಿನಲ್ಲಿ ತೆಗೆದದ್ದು ಕಲೆ, ಆಜ್ಞೆಯಂತೆ ತೆಗೆದದ್ದು ದಾಖಲೆ ಎಂಬ ವಿಂಗಡಣೆ ಮೇಲುನೋಟಕ್ಕೆ ಸುಲಭವಾದದ್ದು. ಚಿತ್ರಗಳು ಮಾತ್ರ ಇದನ್ನು ಸಮರ್ಥಿಸುವುದಿಲ್ಲ. ಬರ್ಮಾದ ಚಿತ್ರಗಳು ಸರ್ಕಾರಿ ದಾಖಲೆಗಳು; ಕೈಯಿಂದ ಬರೆದ ಮೋಡಗಳಿರುವುದು ಅವುಗಳಲ್ಲಿಯೇ. ಎಂದರೆ ಹವ್ಯಾಸಿಯ ರುಚಿ ಕಚೇರಿಯ ಕೆಲಸದೊಳಗೆ ಪ್ರವೇಶಿಸಿದೆ. ಒಬ್ಬನೇ ಮನುಷ್ಯನ ಎರಡು ಬಾಳುಗಳನ್ನು ಚಿತ್ರದಲ್ಲಿ ಗೆರೆ ಎಳೆದು ಬೇರ್ಪಡಿಸುವುದು ಸಾಧ್ಯವಿಲ್ಲ.

ಹಾಗೆಂದು ಈ ಚಿತ್ರಗಳ ಪ್ರಾಮಾಣ್ಯವನ್ನೇ ತಳ್ಳಿಹಾಕುವುದು ಇನ್ನೊಂದು ಅತಿರೇಕ. 1856ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡ ಟ್ರೈಪ್ ಮರುವರ್ಷದ ಕೊನೆಯಲ್ಲಿ ಸಂಚಾರ ಹೊರಟು ಶ್ರೀರಂಗ, ತಿರುಚಿರಾಪಳ್ಳಿ, ಪುದುಕೋಟೆ, ಮಧುರೆ, ತಂಜಾವೂರುಗಳ ಚಿತ್ರಗಳನ್ನು ತೆಗೆದನು. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನಗಳನ್ನು 21 ಭಾಗಗಳಾಗಿ ತೆಗೆದು, ಒಂದಕ್ಕೊಂದು ಜೋಡಿಸಿ, ಸುಮಾರು 19 ಅಡಿ ಉದ್ದದ ಸುರುಳಿಯನ್ನು ಮಾಡಿದನು. ಕಲ್ಲಿನ ಅಕ್ಷರವು ಓಡುವುದಿಲ್ಲ. ಅಕ್ಷರದ ಮೇಲೆ ಮೋಡ ಬರೆಯುವ ಆಸೆಯೂ ಹುಟ್ಟುವುದಿಲ್ಲ. ಕಾಗದದ ನೆಗೆಟಿವಿನ ನಿಧಾನ ಇಲ್ಲಿ ದೋಷವೆನಿಸದೆ ಗುಣವಾಯಿತು. ಅವನ ಕೃತಿಗಳಲ್ಲಿ ಚರಿತ್ರಕಾರನು ಹೆಚ್ಚು ನಿಶ್ಚಿಂತೆಯಿಂದ ನಂಬಬಹುದಾದದ್ದು ಈ ಸುರುಳಿಯೇ ಎಂದು ನಮ್ಮ ಅಭಿಪ್ರಾಯ.

ಇದೇ ಮಾತನ್ನು ನಿರ್ಜನವಾದ ಪ್ರಾಕಾರಗಳ ಬಗ್ಗೆ ಹೇಳಲಾಗದು. ಉತ್ತರದಲ್ಲಿ ಬಂಡಾಯವು ಇನ್ನೂ ನಡೆಯುತ್ತಿದ್ದ 1858ರ ಆರಂಭದ ತಿಂಗಳುಗಳಲ್ಲಿ ತೆಗೆದ ಈ ಚಿತ್ರಗಳಲ್ಲಿ ಆ ಕ್ಷೋಭೆಯ ಸುಳಿವಿಲ್ಲ. ಮಧುರೆಯಂಥ ಜನಭರಿತ ಕ್ಷೇತ್ರವೂ ಪಾಳುಬಿದ್ದಂತೆ ಕಾಣುತ್ತದೆ. ಈ ಮೌನವನ್ನು ಆಳರಸರ ದೃಷ್ಟಿಯೆಂದು ಮಾತ್ರ ವಿವರಿಸುವವರು ಕಾಗದದ ಗುಣವನ್ನು ಮರೆಯುತ್ತಾರೆ. ಇದನ್ನು ಅಂದಿನ ವಸ್ತುಸ್ಥಿತಿಯೆಂದು ನಂಬುವವರೂ ಅದನ್ನೇ ಮರೆಯುತ್ತಾರೆ. ದೇವಾಲಯದಲ್ಲಿ ಪೂಜೆ ನಡೆಯುತ್ತಿತ್ತೇ ಇಲ್ಲವೇ ಎಂಬುದಕ್ಕೆ ಜನರಿಲ್ಲದ ಛಾಯಾಚಿತ್ರವು ಪ್ರಮಾಣವಾಗದು. ಅದಕ್ಕೆ ಇನಾಮು ಕಡತಗಳನ್ನೂ ದೇವಾಲಯದ ಲೆಕ್ಕಪತ್ರಗಳನ್ನೂ ನೋಡಬೇಕು.

ಸರ್ಕಾರವು ಇಂಥ ಚಿತ್ರಗಳನ್ನು ಒಂದೇ ಸಮನಾಗಿ ಬಯಸಿತೆಂಬ ಊಹೆಯೂ ನಿಲ್ಲದು. ಬೊಂಬಾಯಿ ಸರ್ಕಾರವು 1855ರಲ್ಲಿ ಬಿಜಾಪುರ, ಬಾದಾಮಿ ಮೊದಲಾದೆಡೆಗಳ ಚಿತ್ರಣಕ್ಕೆ ನಿಯಮಿಸಿದ ಸೇನಾಧಿಕಾರಿ ಬಿಗ್ಸ್ ಅದೇ ವರ್ಷ ದಂಡಿನ ಕೆಲಸಕ್ಕೆ ಹಿಂದಿರುಗಬೇಕಾಯಿತು. ವೈದ್ಯನಾದ ಪೀಗೂ ಆ ಕಾರ್ಯವನ್ನು ಮುಂದುವರಿಸಿದನು. ಇವರಿಬ್ಬರ ಮತ್ತು ನೀಲ್‌ನ ಚಿತ್ರಗಳು ಮೆಡೋಸ್ ಟೇಲರ್, ಫರ್ಗುಸನ್ನರ ಬರಹಗಳೊಡನೆ 1866ರಲ್ಲಿ ಗ್ರಂಥರೂಪದಲ್ಲಿ ಬಂದವು. ಟ್ರೈಪನ ಕಾರ್ಯಾಲಯವನ್ನಂತೂ 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ ಟ್ರೆವೆಲ್ಯನ್, ಬೊಕ್ಕಸಕ್ಕೆ ಹೊರೆಯಾದ ವಿಲಾಸವೆಂದು ಭಾವಿಸಿ ನಿಲ್ಲಿಸಿಬಿಟ್ಟನು. ಆ ಬಳಿಕ ಟ್ರೈಪ್ ದಂಡಿನ ಕೆಲಸಕ್ಕೆ ಮರಳಿದನು. 1875ರಲ್ಲಿ ನಿವೃತ್ತನಾಗಿ 1902ರಲ್ಲಿ ತೀರಿಕೊಂಡವರೆಗೆ ಅವನು ತೆಗೆದ ಚಿತ್ರಗಳು ಅತ್ಯಲ್ಪ. ಆಜ್ಞೆ ನಿಂತೊಡನೆ ಹವ್ಯಾಸವೂ ಬತ್ತಿತು. ಬಿಡುವಿನ ಆನಂದವನ್ನು ಉದ್ಯೋಗವು ನುಂಗಿತೆಂದು ಇದರಿಂದ ಅನುಮಾನಿಸಬಹುದು.

ಕನ್ನಡ ನಾಡಿನ ವಾಸ್ತುಚರಿತ್ರೆಗೆ ಈ ವಿಚಾರ ಅಪ್ರಕೃತವಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ವಿಮಾನದ ಶಿಖರವನ್ನು 1879ರಲ್ಲಿ ಇಳಿಸಲಾಯಿತು. ಅದಕ್ಕೆ 25 ವರ್ಷ ಮೊದಲು ಅಲ್ಲಿ ಕ್ಯಾಮರಾ ನಿಲ್ಲಿಸಿದವನ ಸಾಕ್ಷ್ಯವನ್ನು ನಾವು ಕಡೆಗಣಿಸಲಾರೆವು. ಆದರೆ ಆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಬೇಕು. ಚಿತ್ರವನ್ನು ತೆಗೆಯಿಸಿದವರು ಯಾರು, ಆ ದಿನ ಅವನಿಗಿದ್ದ ಅವಕಾಶವೆಷ್ಟು, ಕಾಗದವು ಏನನ್ನು ಗ್ರಹಿಸಲಾರದೆ ಹೋಯಿತು, ಕೈಯಿಂದ ಸೇರಿಸಿದ್ದು ಯಾವುದು ಎಂಬ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡ ಮೇಲೆ ಮಾತ್ರ ಅದನ್ನು ಆಕರಗಳ ಪಟ್ಟಿಗೆ ಸೇರಿಸುವ ಪದ್ಧತಿಯನ್ನು ನಮ್ಮ ವಿದ್ಯಾರ್ಥಿಗಳು ರೂಢಿಸಿಕೊಳ್ಳುವುದು ಉಚಿತ.